ಅನುದಾನ ಶಾಮಿಯಾನಕ್ಕೋ, ಊರಿಗೋ?

ಮಾರ್ಚ್ ತಿಂಗಳು ಬಂದೊಡನೆ ನಮ್ಮ ಗಡಿನಾಡಿನಲ್ಲಿ ಕನ್ನಡಕ್ಕೆ ಎಲ್ಲಿಲ್ಲದ ಚೈತನ್ಯ ಬರುತ್ತದೆ. ಆಮಂತ್ರಣ ಪತ್ರಿಕೆಗಳು ಅಚ್ಚಾಗುತ್ತವೆ, ಶಾಮಿಯಾನ ಏಳುತ್ತದೆ, ಕೆಂಪು-ಹಳದಿ ಬಾವುಟಗಳು ಹಾರುತ್ತವೆ. ಸಂಜೆಯ ಹೊತ್ತಿಗೆ ಹಾರ, ಶಾಲು, ಸ್ಮರಣಿಕೆ, ವಂದನಾರ್ಪಣೆ. ಏಪ್ರಿಲ್ ಒಂದರಂದು ಎಲ್ಲವೂ ನಿಶ್ಶಬ್ದ. ಈ ಹಬ್ಬ ಮಾರ್ಚಿನಲ್ಲೇ ಏಕೆ ಬರುತ್ತದೆ ಎಂಬುದಕ್ಕೆ ಪಂಚಾಂಗದಲ್ಲಿ ಉತ್ತರವಿಲ್ಲ, ಸರಕಾರದ ಲೆಕ್ಕಪತ್ರದಲ್ಲಿದೆ. ಮಾರ್ಚ್ 31ರೊಳಗೆ ಅನುದಾನದ ಹಣ ಖರ್ಚಾಗಬೇಕು.

ಅದೇ ಮಾರ್ಚಿನಲ್ಲಿ ಕೋಸಿಗಿ, ಕೌತಾಳ, ಹೊಳಗುಂದ, ಆಲೂರು ಕಡೆಯ ಹಳ್ಳಿಗಳಿಗೆ ಹೋಗಿ ನೋಡಬೇಕು. ಎಷ್ಟೋ ಮನೆಗಳಿಗೆ ಬೀಗ. ದೀಪಾವಳಿ ಕಳೆದ ಮೇಲೆ ಹತ್ತಿ ಬಿಡಿಸಲು, ಮೆಣಸಿನಕಾಯಿ ಬಿಡಿಸಲು ಜನರು ಗುಂಟೂರು ಸೀಮೆಗೆ ಗುಳೆ ಹೋಗಿರುತ್ತಾರೆ. ಮಕ್ಕಳೂ ಜೊತೆಗೆ ಹೋಗಿರುತ್ತಾರೆ. ಊರಿನಲ್ಲಿ ಉಳಿದವರು ವೃದ್ಧರು ಮಾತ್ರ. ಗಡಿನಾಡ ಗ್ರಾಮೀಣ ಕನ್ನಡಿಗರ ಹೆಸರಿನಲ್ಲಿ ಬರುವ ಹಣವು ಆ ಗ್ರಾಮೀಣರು ಊರಲ್ಲಿಲ್ಲದ ತಿಂಗಳಿನಲ್ಲಿ, ಅವರಿಲ್ಲದ ಪಟ್ಟಣದಲ್ಲಿ, ಒಂದೇ ದಿನದಲ್ಲಿ ಕರಗಿಹೋಗುತ್ತದೆ. ಇದನ್ನು ಸಾಹಿತ್ಯ ಸೇವೆ ಎಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ.

ಹೊರಗಿನವನಂತೆ ದೂರುತ್ತಿದ್ದೇನೆಂದು ಯಾರೂ ಭಾವಿಸಬಾರದು. ನಾನೂ ಆ ವೇದಿಕೆಗಳಲ್ಲಿ ಕುಳಿತವನೇ. ನನ್ನ ಮನೆಯ ಕಪಾಟಿನಲ್ಲಿ ಹನ್ನೊಂದು ಸ್ಮರಣಿಕೆಗಳಿವೆ. ಅವುಗಳಲ್ಲಿ ಒಂದಾದರೂ ಒಂದು ಮಗುವಿಗೆ ಒಂದು ಅಕ್ಷರ ಕಲಿಸಿದೆಯೇ ಎಂದು ಕೇಳಿಕೊಂಡಾಗ ತಲೆ ತಗ್ಗುತ್ತದೆ.

ನಮ್ಮ ಸ್ಥಿತಿ ಎಲ್ಲರಿಗೂ ತಿಳಿದದ್ದೇ. ಬಳ್ಳಾರಿ ಜಿಲ್ಲೆಯಲ್ಲಿದ್ದ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯಕ್ಕೆ ಸೇರಿದವು. ಜಿಲ್ಲೆಯ ಉಳಿದ ಭಾಗ ಮೈಸೂರಿಗೆ ಹೋಯಿತು. ಆಗ ನಾನು ತೊಟ್ಟಿಲು ಬಿಟ್ಟಿಳಿದ ಕೂಸು. ಆ ತೀರ್ಮಾನದ ಜಗಳವನ್ನು ಮತ್ತೆ ಕೆದಕುವುದು ನನ್ನ ಉದ್ದೇಶವಲ್ಲ. ತೆಲುಗು ನಮಗೆ ಅನ್ನ ಕೊಟ್ಟ ಭಾಷೆ. ನೆರೆಮನೆಯ ಭಾಷೆಯೂ ಹೌದು. ಆದರೆ ಮನೆಯ ಭಾಷೆಯನ್ನು ಉಳಿಸಿಕೊಳ್ಳಲು ನೆರವು ಬೇಕಾಯಿತು. ಅದಕ್ಕಾಗಿಯೇ ಕರ್ನಾಟಕವು 2010ರ ಅಧಿನಿಯಮದ ಮೂಲಕ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರವನ್ನು ರಚಿಸಿತು. ಗಡಿಯಾಚೆಯ ಕನ್ನಡಿಗರನ್ನೂ ಮರೆಯಲಿಲ್ಲ ಎಂಬುದಕ್ಕೆ ನಾವು ಕೃತಜ್ಞರಾಗಿರಬೇಕು. ಕೃತಜ್ಞತೆಯ ಮೊದಲ ಲಕ್ಷಣವೆಂದರೆ ಕೊಟ್ಟ ಹಣವನ್ನು ಸರಿಯಾಗಿ ಬಳಸುವುದು.

ಹಿಂದೆ ನಮ್ಮ ಹಳ್ಳಿಗಳಲ್ಲಿ ಸಾಹಿತ್ಯ ಹೇಗೆ ಬದುಕಿತ್ತು? ವಿಜಯದಾಸರು ತಮ್ಮ ಕೊನೆಯ ದಿನಗಳನ್ನು ಕಳೆದು 1755ರಲ್ಲಿ ದೇಹ ಬಿಟ್ಟದ್ದು ನಮ್ಮ ಚಿಪ್ಪಗಿರಿಯಲ್ಲಿ. ದಾಸರಿಗೆ ದೊರೆತ ಅನುದಾನವೆಂದರೆ ಮನೆಗೊಂದು ಹಿಡಿ ಧಾನ್ಯ. ಶ್ರಾವಣ ಬಂತೆಂದರೆ ಮಠಗಳಲ್ಲಿ ಪುರಾಣ, ಗುಡಿಯ ಕಟ್ಟೆಯ ಮೇಲೆ ಭಾರತ ವಾಚನ, ಸುಗ್ಗಿ ಮುಗಿದ ಮೇಲೆ ಬಯಲಾಟ. ಓದು ಬಾರದವನಿಗೂ ಕಥೆ ಬರುತ್ತಿತ್ತು; ಕಥೆಯ ಮೇಲೆ ವಾದ ಮಾಡಲೂ ಬರುತ್ತಿತ್ತು. ಅಲ್ಲಿ ಮುಖ್ಯ ಅತಿಥಿ ಇರಲಿಲ್ಲ, ಊರೇ ಇತ್ತು.

ಹಳೆಯ ಮೈಸೂರಿನಲ್ಲಿ ವಿದ್ವಾಂಸರೂ ಈ ದಾರಿ ಹಿಡಿದರು. ಸ್ವಾತಂತ್ರ್ಯಕ್ಕೆ ಮುಂಚೆಯೇ ಮೈಸೂರು ವಿಶ್ವವಿದ್ಯಾನಿಲಯದ ಅಧ್ಯಾಪಕರು ಸಣ್ಣ ಊರುಗಳಿಗೆ ಹೋಗಿ ಚರಿತ್ರೆ, ಸಾಹಿತ್ಯ, ವಿಜ್ಞಾನಗಳನ್ನು ತಿಳಿಗನ್ನಡದಲ್ಲಿ ಹೇಳಿದರು. ಆ ಪ್ರಚಾರೋಪನ್ಯಾಸಗಳು ಕಡಿಮೆ ಬೆಲೆಯ ಚಿಕ್ಕ ಪುಸ್ತಕಗಳಾಗಿ ಜನರ ಕೈಸೇರಿದವು. ಉಪನ್ಯಾಸ ಮುಗಿದ ಮೇಲೆ ಊರಿನಲ್ಲಿ ಪುಸ್ತಕ ಉಳಿಯಿತು. ನಮ್ಮ ಸಮ್ಮೇಳನ ಮುಗಿದ ಮೇಲೆ ಊರಿನಲ್ಲಿ ಏನು ಉಳಿಯುತ್ತದೆ?

ಸ್ವಾನುಭವದ ಒಂದು ಮಾತು. ಗಡಿಭಾಗದ ಒಂದು ಹಳ್ಳಿಯ ಶಾಲೆಯಲ್ಲಿದ್ದಾಗ ಶ್ರಾವಣದ ಸಂಜೆಗಳಲ್ಲಿ ಜೈಮಿನಿ ಭಾರತವನ್ನು ಓದಿ ಅರ್ಥ ಹೇಳುವ ಕೆಲಸ ಆರಂಭಿಸಿದೆ. ಮೊದಲ ದಿನ ಬಂದವರು ಆರು ಜನ. ಬಯಲಾಟದಲ್ಲಿ ಪಾತ್ರ ಮಾಡಿದ್ದ ಕುರಿಗಾಹಿ ಹಿರಿಯರೊಬ್ಬರು ನನ್ನ ಓದನ್ನು ತಿದ್ದತೊಡಗಿದ ಮೇಲೆ ಜನ ಹೆಚ್ಚಾದರು. ಚಂದ್ರಹಾಸನ ಕಥೆಯ ದಿನ ಕೊಠಡಿ ತುಂಬಿತ್ತು. ‘ವಿಷ’ ಕೊಡುವಂತೆ ಬರೆದ ಪತ್ರವನ್ನು ವಿಷಯೆ ತಿದ್ದಿ ತನ್ನ ಹೆಸರಾಗಿಸಿದ ಪ್ರಸಂಗ ಮುಗಿದಾಗ, ಹಿಂದೆ ಕುಳಿತಿದ್ದ ಕೂಲಿ ಹೆಣ್ಣುಮಗಳೊಬ್ಬಳು ಕೇಳಿದಳು: “ಚೀಟಿ ತಿದ್ದಿದಾಕಿ ಹುಡುಗೀನೇ ಅಲ್ಲೇನ್ರಿ ಸಾರ್? ಆಕಿಗೆ ಓದಾಕ ಬರ್ತಿದ್ದಕ್ಕ ಆತನ ಜೀವ ಉಳೀತು.” ಮೂವತ್ತು ವರ್ಷ ಪಾಠ ಮಾಡಿದ ನನಗೆ ಆ ಅರ್ಥ ಹೊಳೆದಿರಲಿಲ್ಲ. ಆ ವರ್ಷ ಆಕೆ ಮಗಳನ್ನು ಗುಳೆಗೆ ಕರೆದೊಯ್ಯದೆ ಅಜ್ಜಿಯ ಬಳಿ ಬಿಟ್ಟು ಹೋದಳು. ವಾಚನವೊಂದೇ ಅದಕ್ಕೆ ಕಾರಣವೆಂದು ನಾನು ಹೇಳಲಾರೆ. ಮರುವರ್ಷ ನನಗೆ ವರ್ಗವಾಯಿತು, ವಾಚನ ನಿಂತಿತು. ಮಗಳೂ ಮೆಣಸಿನಕಾಯಿ ಹೊಲಕ್ಕೆ ಹೋದಳೆಂದು ಕೇಳಿದೆ.

ಆ ವಾಚನವನ್ನು ಮುಂದುವರಿಸಲು ಒಂದು ಕಡೆ ಧನಸಹಾಯಕ್ಕೆ ಅರ್ಜಿ ಹಾಕಿದ್ದೆ. ಬೇಕಾದದ್ದು ಲಾಟೀನಿನ ಎಣ್ಣೆ, ನಾಲ್ಕು ಪುಸ್ತಕ, ಆ ಹಿರಿಯರಿಗೆ ಅಲ್ಪ ಗೌರವಧನ. ಆಮಂತ್ರಣ ಪತ್ರಿಕೆ ಎಲ್ಲಿ, ಮುಖ್ಯ ಅತಿಥಿಗಳ ಒಪ್ಪಿಗೆ ಪತ್ರ ಎಲ್ಲಿ, ಕಾರ್ಯಕ್ರಮದ ದಿನಾಂಕ ಯಾವುದು ಎಂದು ಕೇಳಿದರು. ನಲವತ್ತು ಸಂಜೆಗಳಿಗೆ ಒಂದು ದಿನಾಂಕ ಬರೆಯುವುದು ಹೇಗೆ? ಅರ್ಜಿ ಹಿಂದಿರುಗಿತು. ಗುಮಾಸ್ತರ ತಪ್ಪಲ್ಲ, ನಮೂನೆಯೇ ಶಾಮಿಯಾನಕ್ಕಾಗಿ ಮಾಡಿದ್ದು.

ಮೊದಲು ಖರ್ಚು ಮಾಡಿ ಬಳಿಕ ರಸೀದಿ ಕೊಟ್ಟು ಹಣ ಪಡೆಯಿರಿ ಎಂಬ ಕ್ರಮವೂ ಇದೆ. ಕೈಯಲ್ಲಿ ಹಣವಿರುವ ಪಟ್ಟಣದ ಸಂಘಕ್ಕೆ ಇದು ಸಾಧ್ಯ. ಹಳ್ಳಿಯ ಭಜನಾ ಮಂಡಳಿಗೆ ಸಾಧ್ಯವೇ?

ಆಕ್ಷೇಪಗಳು ಬರುತ್ತವೆ. ಉತ್ಸವ ಬೇಡವೇ ಎನ್ನುವವರಿಗೆ ನನ್ನ ಉತ್ತರ: ಬೇಕು, ಬೆಳೆ ಬಂದ ಮೇಲೆ ಸುಗ್ಗಿ ಬೇಕು, ಬಿತ್ತನೆಯೇ ಇಲ್ಲದ ಸುಗ್ಗಿ ಬೇಡ. ಮೊಬೈಲ್ ಬಂದ ಮೇಲೆ ಯಾರು ಬರುತ್ತಾರೆ ಎನ್ನುವವರು ಒಂದು ಸಂಜೆಯಾದರೂ ಕರೆದು ನೋಡಿದ್ದಾರೆಯೇ? ಆಂಧ್ರ ಸರಕಾರವೇ ನೋಡಿಕೊಳ್ಳಲಿ ಎನ್ನುವವರ ಮಾತಿನಲ್ಲಿ ಅರ್ಧ ಸತ್ಯವಿದೆ. ಪ್ರಾಥಮಿಕ ಹಂತದಲ್ಲಿ ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಮಾತೃಭಾಷೆಯಲ್ಲಿ ಕಲಿಸುವ ಏರ್ಪಾಡನ್ನು ಸಂವಿಧಾನದ 350ಎ ವಿಧಿ ರಾಜ್ಯಗಳಿಂದ ನಿರೀಕ್ಷಿಸುತ್ತದೆ. ಅದನ್ನು ಗಟ್ಟಿಯಾಗಿ ಕೇಳಲೇಬೇಕು. ಆದರೆ ಶಾಲೆಯ ಗಂಟೆ ಬಾರಿಸಿದ ಮೇಲೆ ಕನ್ನಡವನ್ನು ಕಟ್ಟೆಯ ಮೇಲೆ ಕೂರಿಸುವ ಹೊಣೆ ನಮ್ಮದೇ.

ಆದ್ದರಿಂದ ಅನುದಾನ ಕೊಡುವವರಲ್ಲಿ ನಾಲ್ಕು ಬೇಡಿಕೆಗಳು. ಒಂದು, ಹಣ ಆಷಾಢದೊಳಗೆ, ಮುಂಗಡವಾಗಿ ಬರಲಿ. ಶ್ರಾವಣದಿಂದ ದೀಪಾವಳಿಯವರೆಗೆ ಜನ ಊರಲ್ಲಿರುತ್ತಾರೆ. ಎರಡು, ಒಂದು ಹಳ್ಳಿಗೆ ಕೊಟ್ಟರೆ ಮೂರು ವರ್ಷ ಬಿಡದೆ ಕೊಡಲಿ, ಮೊತ್ತ ಚಿಕ್ಕದಾದರೂ ಚಿಂತೆಯಿಲ್ಲ. ಮೂರು, ಅರ್ಧಕ್ಕಿಂತ ಹೆಚ್ಚು ಹಣ ಓದುವವರಿಗೆ, ಹಾಡುವವರಿಗೆ, ಆಟ ಕಲಿಸುವವರಿಗೆ, ಪುಸ್ತಕಕ್ಕೆ ಹೋಗಲಿ. ಶಾಮಿಯಾನ-ಶಾಲುಗಳಿಗೆ ಮಿತಿ ಇರಲಿ. ನಾಲ್ಕು, ಲೆಕ್ಕವನ್ನು ಇಲಾಖೆಗೆ ಕಳಿಸುವ ಮೊದಲು ಊರ ಕಟ್ಟೆಯ ಮುಂದೆ ಗಟ್ಟಿಯಾಗಿ ಓದಲಿ. ಊರಿನವರಿಗಿಂತ ದೊಡ್ಡ ಲೆಕ್ಕ ಪರಿಶೋಧಕರಿಲ್ಲ.

ಬೇಡಿಕೆಗೆ ಮುನ್ನ ನಾವು ನಡೆದು ತೋರಿಸಬೇಕು. ನಮ್ಮ ಸಂಘ ಮುಂದಿನ ಸಮ್ಮೇಳನದಲ್ಲಿ ಶಾಲು-ಸ್ಮರಣಿಕೆಗಳನ್ನು ಕೈಬಿಟ್ಟು, ಉಳಿದ ಹಣದಿಂದ ಒಂದು ಹಳ್ಳಿಯನ್ನು ಆರಿಸಿ ಶ್ರಾವಣದ ವಾಚನ ಆರಂಭಿಸಲಿ. ವಾರಕ್ಕೊಂದು ಸಂಜೆ ಬಂದು ಓದಲು ನಾನು ಸಿದ್ಧನಿದ್ದೇನೆ. ಬಸ್ಸಿನ ಖರ್ಚು ನನ್ನದೇ. ದಯವಿಟ್ಟು ಹಾರ ತರಬೇಡಿ. ಇಬ್ಬರು ಮಕ್ಕಳನ್ನು ಕರೆತನ್ನಿ.