ಕಾರಿಗೆ ಹೆಚ್ಚು ಕಸುವು, ವಿಮೆಗೆ ಕಡಿಮೆ ಬಲ

ಮಂಡ್ಯ: ಬೆಂಗಳೂರು-ಮೈಸೂರು ದಶಪಥ ಹೆದ್ದಾರಿಯು 2023ರ ಮಾರ್ಚ್ 12ರಂದು ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ನಡೆದ ಸಮಾರಂಭದಲ್ಲಿ ಲೋಕಾರ್ಪಣೆಗೊಂಡಂದಿನಿಂದ ಜಿಲ್ಲೆಯಲ್ಲಿ ವೇಗದ ಕುರಿತ ಚರ್ಚೆ ನಿಂತಿಲ್ಲ. ಅದೇ ವರ್ಷದ ಆಗಸ್ಟ್ 1ರಿಂದ ಮುಖ್ಯ ಪಥದಲ್ಲಿ ಬೈಕ್, ಆಟೊ ಹಾಗೂ ಟ್ರ್ಯಾಕ್ಟರ್‌ಗಳಿಗೆ ನಿಷೇಧ ಬಿದ್ದಿತು. ಕಾರುಗಳಿಗೆ ಗಂಟೆಗೆ 100 ಕಿ.ಮೀ. ಮಿತಿ ವಿಧಿಸಿ ಕ್ಯಾಮೆರಾಗಳನ್ನು ಅಳವಡಿಸಲಾಯಿತು. 130 ಕಿ.ಮೀ. ದಾಟಿದರೆ ಎಫ್‌ಐಆರ್ ದಾಖಲಿಸುವುದಾಗಿ ರಾಜ್ಯ ಪೊಲೀಸರು 2024ರಲ್ಲಿ ಪ್ರಕಟಿಸಿದರು.

ಈ ಎಲ್ಲ ಕ್ರಮಗಳೂ ಚಾಲಕನ ಕಾಲಿನ ಮೇಲೆ ಕಣ್ಣಿಟ್ಟಿವೆ. ಬಾನೆಟ್ಟಿನ ಕೆಳಗೆ ಏನಾಗಿದೆ ಎಂಬುದನ್ನು ಕೇಳುವವರು ವಿರಳ. ಕಾರ್ಖಾನೆಯಿಂದ ಹೊರಬಂದ ಮೇಲೆ ಗ್ಯಾರೇಜುಗಳಲ್ಲಿ ಎಂಜಿನ್ನಿನ ಕಸುವು ಹೆಚ್ಚಿಸಿಕೊಂಡ ಕಾರುಗಳು ಅಪಘಾತಕ್ಕೀಡಾದರೆ ವಿಮೆ ದೊರಕುವುದೇ? ದೊರಕದಿದ್ದರೆ ನಷ್ಟ ಯಾರ ತಲೆಯ ಮೇಲೆ? ದಶಪಥ ಹಾದುಹೋಗುವ ಮದ್ದೂರು, ಮಂಡ್ಯಗಳಿಗೂ, ಕನಕಪುರ ಮಾರ್ಗದ ರಾಷ್ಟ್ರೀಯ ಹೆದ್ದಾರಿ 948ರ ಮೇಲಿರುವ ಮಳವಳ್ಳಿಗೂ ಈ ಪ್ರಶ್ನೆ ಸಮಾನವಾಗಿ ಅನ್ವಯಿಸುತ್ತದೆ.

ಸಿ.ಸಿ. ಅಷ್ಟೇ, ಶಕ್ತಿ ಬೇರೆ

ಮಾರ್ಪಾಡು ಎಂದೊಡನೆ ಕಿವಿಗಡಚಿಕ್ಕುವ ಸೈಲೆನ್ಸರ್ ನೆನಪಾಗುವುದು ಸಹಜ. ಆದರೆ ನಿಜವಾದ ಬದಲಾವಣೆ ನಡೆಯುವುದು ಸದ್ದಿಲ್ಲದೆ. ಎಂಜಿನ್ನಿಗೆ ಎಷ್ಟು ಇಂಧನ ಸುರಿಯಬೇಕು, ಟರ್ಬೊ ಎಷ್ಟು ಒತ್ತಡದಲ್ಲಿ ಗಾಳಿ ನೂಕಬೇಕು ಎಂಬುದನ್ನು ನಿರ್ಧರಿಸುವ ಕಂಪ್ಯೂಟರಿನ (ಇಸಿಯು) ಲೆಕ್ಕಾಚಾರವನ್ನು ಲ್ಯಾಪ್‌ಟಾಪ್ ಜೋಡಿಸಿ ಬದಲಾಯಿಸಲಾಗುತ್ತದೆ. ಹೊರಗಿನಿಂದ ನೋಡಿದವರಿಗೆ ಕಾರು ಮೊದಲಿನಂತೆಯೇ ಇರುತ್ತದೆ.

ಒಂದೇ ಎಂಜಿನ್ನಿನಲ್ಲಿ ಎಷ್ಟು ವ್ಯತ್ಯಾಸ ಸಾಧ್ಯ ಎಂಬುದಕ್ಕೆ ಕಾರ್ಖಾನೆಗಳೇ ನಿದರ್ಶನ ಒದಗಿಸಿವೆ. ಫಿಯೆಟ್ ವಿನ್ಯಾಸದ 1,248 ಸಿ.ಸಿ. ಡೀಸೆಲ್ ಎಂಜಿನ್ ಮಾರುತಿ ಸ್ವಿಫ್ಟ್‌ನಲ್ಲಿ 75 ಅಶ್ವಶಕ್ತಿಯಷ್ಟಿದ್ದರೆ, ಬೇರೆ ಬಗೆಯ ಟರ್ಬೊ ಪಡೆದು ಎರ್ಟಿಗಾದಲ್ಲಿ 90 ಅಶ್ವಶಕ್ತಿಗೆ ಏರಿತ್ತು. ಆದರೆ ಕಾರ್ಖಾನೆ ಶಕ್ತಿ ಹೆಚ್ಚಿಸುವಾಗ ಬ್ರೇಕು, ಗೇರ್‌ಬಾಕ್ಸ್, ಟೈರುಗಳನ್ನೂ ಅದಕ್ಕೆ ತಕ್ಕಂತೆ ಪರೀಕ್ಷಿಸಿ, ಪುಣೆಯ ಎಆರ್‌ಎಐನಂತಹ ಸಂಸ್ಥೆಯಿಂದ ಮಾನ್ಯತೆ ಪಡೆಯಬೇಕಾಗುತ್ತದೆ. ಗ್ಯಾರೇಜಿನ ಕೆಲಸಕ್ಕೆ ಅಂತಹ ಪರೀಕ್ಷೆ ಇಲ್ಲ.

ಇತ್ತ ವಿಮೆಯ ಕಂತು ಲೆಕ್ಕ ಹಾಕುವ ಕ್ರಮದಲ್ಲಿ ಅಶ್ವಶಕ್ತಿಗೆ ಸ್ಥಾನವೇ ಇಲ್ಲದಿರುವುದು ಗಮನಾರ್ಹ. 2022ರ ಜೂನ್ 1ರಿಂದ ಜಾರಿಗೆ ಬಂದ ಥರ್ಡ್ ಪಾರ್ಟಿ ದರಗಳ ಪ್ರಕಾರ 1,000 ಸಿ.ಸಿ.ವರೆಗಿನ ಖಾಸಗಿ ಕಾರಿಗೆ ವಾರ್ಷಿಕ 2,094 ರೂ., 1,500 ಸಿ.ಸಿ.ವರೆಗೆ 3,416 ರೂ., ಅದಕ್ಕೂ ಮೇಲ್ಪಟ್ಟು 7,897 ರೂ. ನಿಗದಿಯಾಯಿತು. ಅಂದರೆ 75 ಅಶ್ವಶಕ್ತಿಯ ಕಾರನ್ನು 110ಕ್ಕೆ ಏರಿಸಿದರೂ ಸಿ.ಸಿ. ಬದಲಾಗದ ಕಾರಣ ಕಂತು ಒಂದು ರೂಪಾಯಿಯೂ ಹೆಚ್ಚುವುದಿಲ್ಲ. ಸ್ವಂತ ವಾಹನದ ಹಾನಿಗೆ ಸಂಬಂಧಿಸಿದ ವಿಮೆಯೂ ಹೆಚ್ಚು ಭಿನ್ನವಲ್ಲ. 2002ರ ಮೋಟಾರು ದರಪಟ್ಟಿಯು ಕಾರಿನ ಮೌಲ್ಯ, ವಯಸ್ಸು, ಸಿ.ಸಿ. ಮತ್ತು ವಲಯವನ್ನಷ್ಟೇ ಆಧರಿಸಿತ್ತು. ಬೆಂಗಳೂರು 'ಎ' ವಲಯದಲ್ಲಿದ್ದರೆ ಮಂಡ್ಯ 'ಬಿ' ವಲಯದಲ್ಲಿತ್ತು. 2007ರಲ್ಲಿ ದರ ನಿಗದಿಯ ಸ್ವಾತಂತ್ರ್ಯ ಕಂಪನಿಗಳಿಗೆ ದೊರೆತರೂ ಪಾಲಿಸಿಯ ಚೌಕಟ್ಟು ಬಹುತೇಕ ಹಾಗೆಯೇ ಉಳಿದು ಬಂದಿದೆ.

ಆ ಚೌಕಟ್ಟಿನಲ್ಲಿ ಹೆಚ್ಚುವರಿ ಎಲೆಕ್ಟ್ರಾನಿಕ್ ಸಲಕರಣೆಗೆ ಅವಕಾಶವಿದೆ. ಎಲ್‌ಪಿಜಿ, ಸಿಎನ್‌ಜಿ ಕಿಟ್‌ಗೂ ಅವಕಾಶವಿದೆ. ದರಪಟ್ಟಿಯಲ್ಲಿ ಇವುಗಳ ಮೌಲ್ಯದ ಶೇ 4ರಷ್ಟು ಹೆಚ್ಚುವರಿ ಕಂತು ಗೊತ್ತುಪಡಿಸಲಾಗಿತ್ತು. ಆದರೆ ಎಂಜಿನ್ನಿನ ಶಕ್ತಿ ಹೆಚ್ಚಿಸಿದವರು ಹೆಚ್ಚು ಹಣ ಕಟ್ಟಿ ರಕ್ಷಣೆ ಪಡೆಯುವುದಕ್ಕೆ ಅಂತಹ ಬಾಗಿಲೊಂದನ್ನು ತೆರೆದೇ ಇಲ್ಲ.

ಕಾನೂನು ಏನನ್ನುತ್ತದೆ?

ಬಾಗಿಲು ಮುಚ್ಚಿರುವುದಕ್ಕೆ ಕಾರಣ ಮೋಟಾರು ವಾಹನ ಕಾಯ್ದೆ, 1988ರ ಸೆಕ್ಷನ್ 52. ನೋಂದಣಿ ಪತ್ರದಲ್ಲಿನ ವಿವರಗಳು ತಯಾರಕರು ಮೂಲತಃ ನಮೂದಿಸಿದ ವಿವರಗಳಿಂದ ಭಿನ್ನವಾಗುವಂತೆ ಯಾವ ಮಾಲೀಕನೂ ವಾಹನವನ್ನು ಬದಲಾಯಿಸಕೂಡದು ಎಂದು ಅದು ಹೇಳುತ್ತದೆ. ನೋಂದಣಿಗೆ ಸಲ್ಲಿಸುವ ನಮೂನೆ 20ರಲ್ಲಿ ಸಿ.ಸಿ.ಯ ಜೊತೆಗೆ ಅಶ್ವಶಕ್ತಿಯನ್ನೂ ನಮೂದಿಸಬೇಕಿದೆ ಎಂಬುದು ಇಲ್ಲಿ ಮುಖ್ಯ. ಕೇರಳದ ಪ್ರಕರಣವೊಂದರಲ್ಲಿ 2019ರ ಜನವರಿ 9ರಂದು ತೀರ್ಪಿತ್ತ ಸುಪ್ರೀಂ ಕೋರ್ಟ್, ತಯಾರಕರ ಮೂಲ ವಿವರಗಳನ್ನು ಮೀರುವ ಮಾರ್ಪಾಡಿಗೆ ಅವಕಾಶವಿಲ್ಲವೆಂದು ಸ್ಪಷ್ಟಪಡಿಸಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಸೇರಿದ ಸೆಕ್ಷನ್ 182ಎ, ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೂ ಮಾಲೀಕನಿಗೆ 5,000 ರೂ. ದಂಡ ಅಥವಾ ಆರು ತಿಂಗಳವರೆಗೆ ಜೈಲು ಅಥವಾ ಎರಡನ್ನೂ ವಿಧಿಸಲು ಅವಕಾಶ ಕಲ್ಪಿಸಿತು.

ವಿನಾಯಿತಿಗಳೂ ಇವೆ. ಅಂಗವಿಕಲರ ಅನುಕೂಲಕ್ಕಾಗಿ ಮಾಡುವ ಬದಲಾವಣೆ, ಅನುಮೋದಿತ ಅನಿಲ ಕಿಟ್ ಅಳವಡಿಕೆ, ಪೂರ್ವಾನುಮತಿ ಪಡೆದು ಅದೇ ಮಾದರಿಯ ಎಂಜಿನ್ ಬದಲಾವಣೆ ಇವೆಲ್ಲ ಸಕ್ರಮ. ಮಾರುತಿ ಓಮ್ನಿಗೆ ಅಡುಗೆ ಅನಿಲದ ಸಿಲಿಂಡರನ್ನೇ ಕಟ್ಟಿಕೊಂಡು ಓಡಾಡುತ್ತಿದ್ದ ಕಾಲವನ್ನು ಓದುಗರು ಮರೆತಿರಲಾರರು. 2000ದ ತಿದ್ದುಪಡಿಯು ಅನುಮೋದಿತ ಕಿಟ್‌ಗಳಿಗೆ ದಾರಿ ಮಾಡಿಕೊಟ್ಟ ಮೇಲೆ, ಆ ಅಪಾಯಕ್ಕೆ ಒಂದು ಸಕ್ರಮ ಪರ್ಯಾಯ, ಆರ್‌ಸಿಯಲ್ಲಿ ಒಂದು ನಮೂದು, ವಿಮೆಯಲ್ಲಿ ಒಂದು ಸಾಲು ದೊರೆಯಿತು. ಶಕ್ತಿವರ್ಧನೆಗೆ ಈ ಮೂರೂ ಇಲ್ಲ.

ಹೇಳಿದರೂ ಕಷ್ಟ, ಹೇಳದಿದ್ದರೂ ಕಷ್ಟ

ವಿಮೆ ನಿಂತಿರುವುದು ಪರಸ್ಪರ ನಂಬಿಕೆಯ ಮೇಲೆ. ಅಪಾಯದ ಪ್ರಮಾಣವನ್ನು ಪ್ರಭಾವಿಸುವ ಸಂಗತಿಗಳನ್ನು ಮರೆಮಾಚದೆ ತಿಳಿಸುವುದು ಗ್ರಾಹಕನ ಕರ್ತವ್ಯ. ಪ್ರತಿ ವರ್ಷದ ನವೀಕರಣವೂ ಹೊಸ ಒಪ್ಪಂದವೇ ಆದ್ದರಿಂದ ಈ ಕರ್ತವ್ಯ ಪ್ರತಿ ವರ್ಷವೂ ಮರುಕಳಿಸುತ್ತದೆ. ಆದರೆ ಕಸುವು ಹೆಚ್ಚಿಸಿಕೊಂಡವನು ಅದನ್ನು ತಿಳಿಸಿದರೆ, ಸೆಕ್ಷನ್ 52ರ ಉಲ್ಲಂಘನೆಯನ್ನು ತಾನೇ ಬರೆದುಕೊಟ್ಟಂತೆ. ತಿಳಿಸದಿದ್ದರೆ ಮುಖ್ಯ ಸಂಗತಿ ಮುಚ್ಚಿಟ್ಟ ಆರೋಪ ಕಾದಿರುತ್ತದೆ. ಅತ್ತ ದರಿ, ಇತ್ತ ಪುಲಿ.

ಅಪಘಾತವಾದಾಗ ಕಾರನ್ನು ಮೊದಲು ಪರಿಶೀಲಿಸುವವನು ಸರ್ವೇಯರ್. ಮೂಲದಲ್ಲಿಲ್ಲದ ಟರ್ಬೊ, ತಗ್ಗಿಸಿದ ಸ್ಪ್ರಿಂಗ್, ಬದಲಾದ ವೈರಿಂಗ್ ಆತನ ಕಣ್ಣಿಗೆ ಬಿದ್ದರೆ ಪರಿಹಾರದ ಅರ್ಜಿ ತಿರಸ್ಕೃತವಾಗಬಹುದು ಅಥವಾ ಮೊತ್ತ ಕಡಿತವಾಗಬಹುದು. ಯಾಂತ್ರಿಕ ವೈಫಲ್ಯವು ಸಾಮಾನ್ಯ ಪಾಲಿಸಿಯ ವ್ಯಾಪ್ತಿಯಿಂದಲೇ ಹೊರಗಿರುವುದರಿಂದ, ಹೆಚ್ಚಿದ ಒತ್ತಡ ತಾಳದೆ ಎಂಜಿನ್ ಸೀಳಿದರೆ ಕೇಳುವಂತೆಯೇ ಇಲ್ಲ. ವೇಗದ ಪಂದ್ಯ, ವೇಗ ಪರೀಕ್ಷೆಗಳಲ್ಲಿ ಆದ ಹಾನಿಯೂ ಅಷ್ಟೇ.

ಹಾಗೆಂದು ಮಾರ್ಪಾಡು ಕಂಡ ಮಾತ್ರಕ್ಕೆ ಕಂಪನಿಯ ಮಾತೇ ಅಂತಿಮವಲ್ಲ. 2022ರ ಆಗಸ್ಟ್‌ನಲ್ಲಿ ರಾಮನಗರದ ಬಳಿ ಇದೇ ಹೆದ್ದಾರಿ ಜಲಾವೃತಗೊಂಡು ವಾಹನಗಳು ನೀರಿನಲ್ಲಿ ಸಿಲುಕಿದ್ದವು. ಅಂತಹ ಸಂದರ್ಭದಲ್ಲಿ ಸೈಲೆನ್ಸರ್ ಬದಲಾಯಿಸಿದ್ದಕ್ಕೂ ಕಾರು ಮುಳುಗಿದ್ದಕ್ಕೂ ಏನು ಸಂಬಂಧ ಎಂದು ಮಾಲೀಕ ಕೇಳಿದರೆ ಆ ಪ್ರಶ್ನೆಯಲ್ಲಿ ಹುರುಳಿದೆ. ವಾಹನದ ಬಳಕೆಯ ಷರತ್ತು ಉಲ್ಲಂಘನೆಯಾಗಿದ್ದ ಅಮಲೇಂದು ಸಾಹು ಪ್ರಕರಣದಲ್ಲಿ 2010ರಲ್ಲಿ ಸುಪ್ರೀಂ ಕೋರ್ಟ್, ಅರ್ಜಿಯನ್ನು ಪೂರ್ತಿ ತಳ್ಳಿಹಾಕದೆ ಶೇ 75ರವರೆಗೆ ಪರಿಹಾರ ನೀಡುವ ಕ್ರಮವನ್ನು ಎತ್ತಿಹಿಡಿದಿತ್ತು. ಆದರೆ ಇದು ವ್ಯಾಜ್ಯ ನಡೆಸಿ ಪಡೆಯಬೇಕಾದ ಪರಿಹಾರವೇ ಹೊರತು ಖಚಿತವಾದ ಹಕ್ಕಲ್ಲ. ಸಂಗತಿ ಮುಚ್ಚಿಟ್ಟದ್ದು ಸಾಬೀತಾದರೆ ವಾದ ದುರ್ಬಲವಾಗುತ್ತದೆ.

ಗದ್ದೆಗೂ ತಟ್ಟುವ ಬಿಸಿ

ಸ್ವಂತ ಕಾರು ಹೋದರೆ ಹೋಯಿತು ಎನ್ನಬಹುದು. ರಸ್ತೆಯಲ್ಲಿ ಮತ್ತೊಬ್ಬರ ಜೀವ ಹೋದರೆ? ಇಲ್ಲಿ ಕಾಯ್ದೆ ಸಂತ್ರಸ್ತರ ಪರವಾಗಿದೆ. 2022ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಸೆಕ್ಷನ್ 150ರಲ್ಲಿ, ವಿಮಾ ಕಂಪನಿ ಹೊಣೆಯಿಂದ ನುಣುಚಿಕೊಳ್ಳಲು ಮುಂದಿಡಬಹುದಾದ ಕಾರಣಗಳ ಪಟ್ಟಿಯಿದೆ. ಪರವಾನಗಿಯಿಲ್ಲದ ಚಾಲನೆ, ಮದ್ಯಪಾನ, ವೇಗದ ಪಂದ್ಯ ಅಲ್ಲಿವೆ. ಮಾರ್ಪಾಡು ಎಂಬ ಪದ ಅಲ್ಲಿಲ್ಲ. ಆದರೆ ಮುಖ್ಯ ಸಂಗತಿ ಮುಚ್ಚಿಟ್ಟು ಪಡೆದ ಪಾಲಿಸಿ ಅನೂರ್ಜಿತ ಎಂಬ ಕಾರಣ ಇದೆ. ಕಂಪನಿಗಳು ಪ್ರವೇಶಿಸಬಹುದಾದ ಕಿಂಡಿ ಅದೇ.

ಪಾಲಿಸಿಯ ಷರತ್ತು ಉಲ್ಲಂಘನೆಯಾದಾಗ ಕಂಪನಿಯು ಸಂತ್ರಸ್ತರಿಗೆ ಮೊದಲು ಹಣ ಪಾವತಿಸಿ, ಬಳಿಕ ಮಾಲೀಕನಿಂದ ವಸೂಲು ಮಾಡಿಕೊಳ್ಳುವ ಕ್ರಮವನ್ನು ಸುಪ್ರೀಂ ಕೋರ್ಟ್ 2004ರ ಸ್ವರಣ್ ಸಿಂಗ್ ತೀರ್ಪಿನಲ್ಲಿ ವಿವರಿಸಿದೆ. ನ್ಯಾಯಮಂಡಳಿಯು ಜಿಲ್ಲಾಧಿಕಾರಿಗೆ ಪ್ರಮಾಣಪತ್ರ ಕಳುಹಿಸಿ, ಭೂಕಂದಾಯದ ಬಾಕಿಯಂತೆ ಆ ಮೊತ್ತವನ್ನು ವಸೂಲು ಮಾಡಿಸಲು ಅವಕಾಶವಿದೆ.

ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯಲ್ಲಿ ಈ ಮಾತಿಗೆ ಬೇರೆಯೇ ತೂಕವಿದೆ. ಉದಾಹರಣೆಗೆ, ದುಡಿಮೆಯ ವಯಸ್ಸಿನ ವ್ಯಕ್ತಿಯೊಬ್ಬರು ಮೃತಪಟ್ಟು ನ್ಯಾಯಮಂಡಳಿ 20 ಲಕ್ಷ ರೂ. ಪರಿಹಾರ ಘೋಷಿಸಿತೆನ್ನೋಣ. ಆ ಹೊಣೆ ಮಾಲೀಕನ ಮೇಲೆ ಬಂದರೆ, ವಿ.ಸಿ. ನಾಲೆಯ ನೀರುಂಡ ಎರಡು ಎಕರೆ ಕಬ್ಬಿನ ಗದ್ದೆಗೇ ಕುತ್ತು. ಕಾರು ಓಡಿಸಿದವನು ಮಗ, ಆರ್‌ಸಿ ಇರುವುದು ತಂದೆಯ ಹೆಸರಿನಲ್ಲಿ ಎಂಬ ಮನೆಗಳಲ್ಲಿ ಕಸುವಿನ ಬೆಲೆ ತೆರುವವರು ಯಾರು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಹಳೆಯ ಕಾರು ಕೊಳ್ಳುವವರ ಪಾಡು

ಇನ್ನೂ ಇಕ್ಕಟ್ಟಿನ ಸ್ಥಿತಿ ಸೆಕೆಂಡ್ ಹ್ಯಾಂಡ್ ಕಾರು ಕೊಂಡವರದು. ಬೆಂಗಳೂರಿನಲ್ಲಿ ನಾಲ್ಕಾರು ವರ್ಷ ಓಡಿದ ಕಾರು ಮಂಡ್ಯದ ಮನೆಗೆ ಬಂದಾಗ, ಹಿಂದಿನ ಮಾಲೀಕ ಇಸಿಯು ಬದಲಾಯಿಸಿದ್ದನೇ ಎಂಬುದು ಹೊಸಬರಿಗೆ ತಿಳಿಯುವ ಬಗೆ ಹೇಗೆ? ಆರ್‌ಸಿ ಹೇಳುವುದಿಲ್ಲ, ಪಾಲಿಸಿಯೂ ಹೇಳುವುದಿಲ್ಲ.

ಇದರ ಜೊತೆಗೆ ಮತ್ತೊಂದು ತೊಡಕೂ ಉಂಟು. ಮಾಲೀಕತ್ವ ಬದಲಾದಾಗ ಥರ್ಡ್ ಪಾರ್ಟಿ ವಿಮೆ ತಾನಾಗಿಯೇ ವರ್ಗವಾಗುತ್ತದೆ. ಸ್ವಂತ ಹಾನಿಯ ವಿಮೆ ಹಾಗಲ್ಲ. 14 ದಿನಗಳೊಳಗೆ ಕಂಪನಿಗೆ ಅರ್ಜಿ ಕೊಟ್ಟು ಹೆಸರು ಬದಲಾಯಿಸಿಕೊಳ್ಳಬೇಕು. ಅದನ್ನೇ ಮರೆತವರು ಮಾರ್ಪಾಡಿನ ಪ್ರಶ್ನೆ ಏಳುವ ಮೊದಲೇ ಪರಿಹಾರ ಕಳೆದುಕೊಳ್ಳುತ್ತಾರೆ. ಕೊಳ್ಳುವ ಮುನ್ನ ಅಧಿಕೃತ ಸರ್ವೀಸ್ ಕೇಂದ್ರದಲ್ಲಿ ಇಸಿಯು ತಪಾಸಣೆ ಮಾಡಿಸುವುದು, ಮಾರಾಟ ಪತ್ರದಲ್ಲಿ ಮಾರ್ಪಾಡುಗಳಿಲ್ಲವೆಂದು ಬರೆಸಿಕೊಳ್ಳುವುದು ವಿವೇಕ.

ದಾರಿ ಯಾವುದು?

ಜರ್ಮನಿಯಲ್ಲಿ ಮಾರ್ಪಾಡು ಮಾಡಿದವರು ಟುವ್‌ನಂತಹ ಮಾನ್ಯ ಸಂಸ್ಥೆಯಿಂದ ಪರೀಕ್ಷೆ ಮಾಡಿಸಿ ವಾಹನದ ದಾಖಲೆಯಲ್ಲಿ ನಮೂದಿಸಿಕೊಳ್ಳುವ ಪದ್ಧತಿಯಿದೆ. ಬ್ರಿಟನ್ನಿನಲ್ಲಿ ಮಾರ್ಪಾಡು ಘೋಷಿಸಿಕೊಂಡವರಿಗೆಂದೇ ಹೆಚ್ಚಿನ ಕಂತಿನ ವಿಮೆ ಮಾರುವ ಕಂಪನಿಗಳಿವೆ. ಇಲ್ಲಿ ನಿಷೇಧ ಕಾಯ್ದೆಯ ಪುಸ್ತಕದಲ್ಲಿದೆ, ಬಿಡಿಭಾಗಗಳು ಅಂಗಡಿಯಲ್ಲಿವೆ, ನಡುವೆ ವಿಮಾ ಕಂಪನಿ ವರ್ಷವರ್ಷವೂ ಪ್ರಶ್ನೆ ಕೇಳದೆ ಕಂತು ಪಡೆಯುತ್ತದೆ. ಪ್ರಶ್ನೆ ಏಳುವುದು ಹಣ ಕೊಡಬೇಕಾದ ದಿನ ಮಾತ್ರ. ಅನಿಲ ಕಿಟ್‌ಗೆ ಸಾಧ್ಯವಾದ ಪರೀಕ್ಷೆ, ನಮೂದು ಮತ್ತು ಹೆಚ್ಚುವರಿ ಕಂತಿನ ವ್ಯವಸ್ಥೆ ಇತರ ಮಾರ್ಪಾಡುಗಳಿಗೆ ಏಕೆ ಸಾಧ್ಯವಿಲ್ಲ ಎಂಬುದಕ್ಕೆ ಕೇಂದ್ರ ಸಾರಿಗೆ ಸಚಿವಾಲಯ ಮತ್ತು ವಿಮಾ ನಿಯಂತ್ರಣ ಪ್ರಾಧಿಕಾರ ಉತ್ತರಿಸಬೇಕಿದೆ. ಸಾಧ್ಯವಿಲ್ಲ ಎಂದಾದರೆ, ನವೀಕರಣದ ವೇಳೆಯಲ್ಲೇ ಸ್ಪಷ್ಟ ಪ್ರಶ್ನೆ ಕೇಳಿ ಗ್ರಾಹಕನನ್ನು ಎಚ್ಚರಿಸುವುದಾದರೂ ನಡೆಯಬೇಕು.

ಅಲ್ಲಿಯವರೆಗೆ ಮಾಲೀಕರಿಗೆ ಉಳಿದಿರುವ ಮಾರ್ಗ ಸರಳ. ಅನಿಲ ಕಿಟ್, ಮ್ಯೂಸಿಕ್ ಸಿಸ್ಟಂ ಮುಂತಾದ ಸಕ್ರಮ ಸಲಕರಣೆಗಳನ್ನು ರಸೀದಿ ಸಮೇತ ಪಾಲಿಸಿಯಲ್ಲಿ ನಮೂದಿಸಬೇಕು; ಕಿಟ್ ಆರ್‌ಸಿಯಲ್ಲೂ ದಾಖಲಾಗಬೇಕು. ಎಂಜಿನ್ನಿನ ಕಸುವನ್ನು ಮೂಲಸ್ಥಿತಿಗೆ ಮರಳಿಸಬೇಕು. ಪರಿಹಾರ ಅನ್ಯಾಯವಾಗಿ ತಿರಸ್ಕೃತವಾದರೆ ಮೊದಲು ಕಂಪನಿಗೆ ಲಿಖಿತ ದೂರು ನೀಡಿ, ಬಳಿಕ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಬಳಿ ಶುಲ್ಕವಿಲ್ಲದೆ ಮೊರೆ ಹೋಗಬಹುದು ಅಥವಾ ಮಂಡ್ಯದ ಜಿಲ್ಲಾ ಗ್ರಾಹಕರ ಆಯೋಗದ ಬಾಗಿಲು ತಟ್ಟಬಹುದು. ಆಯೋಗಕ್ಕೆ ಹೋಗುವುದಾದರೆ ಎರಡು ವರ್ಷಗಳ ಗಡುವನ್ನು ಮರೆಯುವಂತಿಲ್ಲ.

ಹೆದ್ದಾರಿಯಲ್ಲಿ ಮಿತಿ 100. ಅದನ್ನು ಮುಟ್ಟಲು ಕಾರ್ಖಾನೆ ಕೊಟ್ಟ ಕಸುವೇ ಸಾಕು. ಅದಕ್ಕೂ ಮಿಗಿಲಾದ ಕಸುವಿಗೆ ಗ್ಯಾರೇಜಿನಲ್ಲಿ ತೆತ್ತ ಹಣ ಮೊದಲ ಕಂತು ಮಾತ್ರ. ಉಳಿದ ಕಂತಿನ ಲೆಕ್ಕ ಅಪಘಾತದ ಮರುದಿನ ಬರುತ್ತದೆ.