ಮಾನ್ಯ ಉಪನಿರ್ದೇಶಕರೇ, ನಿಮ್ಮ ಎಂಟು ದಿನ ಇನ್ನೂ ಮುಗಿಯಲಿಲ್ಲವೇ?

ಸಾರ್ವಜನಿಕ ಶಿಕ್ಷಣ ಇಲಾಖೆಯ ನಮ್ಮ ಜಿಲ್ಲೆಯ ಮಾನ್ಯ ಉಪನಿರ್ದೇಶಕರಿಗೆ,

ನನ್ನ ನೆನಪು ತಮಗೆ ಇರಲಿಕ್ಕಿಲ್ಲ. 2021ರ ಆಗಸ್ಟ್ 21ರ ಶನಿವಾರ, ವರಮಹಾಲಕ್ಷ್ಮಿ ಹಬ್ಬದ ಮಾರನೇ ದಿನ, ನಮ್ಮೂರ ಸರ್ಕಾರಿ ಹೈಸ್ಕೂಲಿನ ಪೋಷಕರ ಸಭೆಗೆ ತಾವು ಬಂದಿದ್ದಿರಿ. ಎರಡನೇ ಸಾಲಿನಿಂದ ಎದ್ದು ನಿಂತು, 'ಆ ಕಿಟಕಿಗಳ ಕಥೆ ಏನು ಸರ್?' ಎಂದು ಕೇಳಿದ ಹೆಂಗಸು ನಾನು. ತಾವು ನಕ್ಕು, 'ಎಂಟು ದಿನ ಟೈಮ್ ಕೊಡಿ ಅಮ್ಮ, ಮಾಡಿಸಿಕೊಡ್ತೀನಿ' ಅಂದಿರಿ. ಮೈಕಿನಲ್ಲೇ ಅಂದಿರಿ, ಬಸ್‌ಸ್ಟ್ಯಾಂಡಿನವರೆಗೂ ಕೇಳಿಸಿತು. ಅದಾಗಿ ಆರು ವಾರ ಕಳೆದಿದೆ.

ಪತ್ರಿಕೆಗೆ ಬರೆದು ರೂಢಿಯಿಲ್ಲ. ಹೊಲಿಗೆ ಅಂಗಡಿ ಇಟ್ಟುಕೊಂಡವಳು, ಜೊತೆಗೆ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿಯಲ್ಲಿ ಒಬ್ಬ ಸದಸ್ಯೆ. ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಗೆ ಎರಡು ಮನವಿ ಕೊಟ್ಟೆವು, ತಮ್ಮ ಕಚೇರಿಗೆ ಒಂದು. ಮೂರಕ್ಕೂ ಸ್ವೀಕೃತಿಯ ಸೀಲು ಬಿದ್ದಿದೆ. ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಯವರ (ಸಿಆರ್‌ಪಿ) ವಾಟ್ಸ್ಆಪ್‌ಗೆ ಕಿಟಕಿಯ ಫೋಟೊ ಎಷ್ಟು ಸಲ ಕಳಿಸಿದೆನೋ ಲೆಕ್ಕವಿಲ್ಲ. ನೀಲಿ ಗೀಟು ಬೀಳುತ್ತದೆ, ಉತ್ತರ ಬರುವುದಿಲ್ಲ. ಹಾಗಾಗಿ ಈ ದಾರಿ. ತಪ್ಪಿದ್ದರೆ ಕ್ಷಮಿಸಿ.

ಕಿಟಕಿಯ ವಿಷಯ ಊರಿಗೆಲ್ಲ ಗೊತ್ತಿದ್ದದ್ದೇ. 2020ರ ಮೇ ತಿಂಗಳಲ್ಲಿ ಮುಂಬೈಯಿಂದ ವಾಪಸು ಬಂದವರನ್ನು ನಮ್ಮ ಹೈಸ್ಕೂಲಿನಲ್ಲಿ ಕ್ವಾರಂಟೈನ್ ಇಟ್ಟರು. ರಸ್ತೆ ಬದಿಯ ಮೂರು ಕೋಣೆಗಳ ಕಿಟಕಿಯಿಂದ ಕೋವಿಡ್ ಸೋಂಕಿನ ಗಾಳಿ ರಸ್ತೆಗೆ ಬರುತ್ತದೆಂದು ಊರವರು ಗಲಾಟೆ ಎಬ್ಬಿಸಿದರು. ಪ್ಲೈವುಡ್ ತಂದು, ನಾಲ್ಕಿಂಚಿನ ಮೊಳೆ ಹೊಡೆದು ಮುಚ್ಚಿಬಿಟ್ಟರು. ಹೊಡೆದವರಲ್ಲಿ ನನ್ನ ಮೈದುನನೂ ಇದ್ದ. ಒಳಗಿದ್ದವರೇನು ಹೊರಗಿನವರೇ? ನಮ್ಮೂರಲ್ಲೇ ಹುಟ್ಟಿ, ಹೋಟೆಲ್ ಕೆಲಸಕ್ಕೆಂದು ಹೋದ ಹುಡುಗರು. ಆ ಬಿಸಿಲಿನಲ್ಲಿ ಹದಿನಾಲ್ಕು ದಿನ ಅವರು ಆ ಕೋಣೆಯಲ್ಲಿ ಹೇಗೆ ಕಳೆದರೋ, ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಒಂದು ಮಾತ್ರ ನಿಜ. ಈ ರೋಗ ಗಾಳಿಯಲ್ಲಿ ಬರುತ್ತದೆ ಎಂಬುದು ಆವತ್ತು ನಮ್ಮೂರ ದಡ್ಡರಿಗೆ ತಿಳಿದಿತ್ತು. ಇಲಾಖೆಗೆ ಇವತ್ತಿಗೂ ತಿಳಿದ ಹಾಗೆ ಕಾಣುವುದಿಲ್ಲ.

ಆ ಮೂರರಲ್ಲಿ ಒಂದು ಕೋಣೆಯಲ್ಲಿ ಈಗ ಹತ್ತನೇ ತರಗತಿ ನಡೆಯುತ್ತದೆ. ನನ್ನ ಮಗಳು ಅಲ್ಲೇ ಕೂರುವುದು. ಎರಡು ಮಳೆಗಾಲ ಕುಡಿದ ಪ್ಲೈ ಉಬ್ಬಿ, ಹಳೇ ಪುಸ್ತಕದ ರಟ್ಟಿನ ಹಾಗೆ ಪದರ ಪದರ ಬಿಟ್ಟುಕೊಂಡಿದೆ. ಅದರ ಮೇಲೆ ಸೀಮೆಸುಣ್ಣದಲ್ಲಿ ಯಾರೋ ಬರೆದ 'ಕ್ವಾ–3' ಇನ್ನೂ ಅಳಿಸಿಲ್ಲ, ಮಕ್ಕಳು ತರಗತಿಗೆ ಅದೇ ಹೆಸರಿಟ್ಟಿದ್ದಾರೆ. ಎರಡು ಟ್ಯೂಬ್‌ಲೈಟಿನಲ್ಲಿ ಒಂದು ಉರಿಯುತ್ತದೆ. ಕರೆಂಟ್ ಹೋದರೆ ಬಾಗಿಲ ಹತ್ತಿರದ ಎರಡು ಬೆಂಚಿಗೆ ಮಾತ್ರ ಬೋರ್ಡು ಕಾಣುತ್ತದೆ. ಇನ್ನೊಂದು ಪಕ್ಕದ ಗೋಡೆಯಲ್ಲಿ ಕಿಟಕಿಯೇ ಇಲ್ಲ, ಅದರಾಚೆ ಬಿಸಿಯೂಟದ ಸ್ಟೋರ್‌ರೂಮು. ಹೋದ ವಾರ ಮಗಳನ್ನು ಕರೆಯಲು ಹೋದವಳು ಬಾಗಿಲಲ್ಲಿ ನಿಂತೆ. ಒಳಗಿನಿಂದ ಬಂದ ಗಾಳಿ ಮುಖಕ್ಕೆ ಬೆಚ್ಚಗೆ ತಾಗಿತು, ಇಡ್ಲಿ ಪಾತ್ರೆಯ ಮುಚ್ಚಳ ತೆಗೆದ ಹಾಗೆ. ನಲವತ್ತಾರು ಮಕ್ಕಳ ಉಸಿರು ಅದು.

ಶಾಲೆ ಮತ್ತೆ ತೆರೆದ ಶುರುವಿನಲ್ಲಿ ಅರ್ಧ ದಿನ, ಅರ್ಧ ಮಕ್ಕಳು ಎಂಬ ನಿಯಮವಾದರೂ ಇತ್ತು. ಸೆಪ್ಟೆಂಬರ್ ಕೊನೆಗೆ ಸರ್ಕಾರ ಪೂರ್ಣ ಹಾಜರಾತಿಗೆ ಒಪ್ಪಿಗೆ ಕೊಟ್ಟಿತು. ಸಿನಿಮಾ ಥಿಯೇಟರಿಗೂ ನಮ್ಮ ಮಕ್ಕಳಿಗೂ ಒಂದೇ ಸಲಕ್ಕೆ ಹೌಸ್‌ಫುಲ್. ಈಗ ಬೆಂಚಿಗೆ ಮೂವರು. ಹೆಡ್‌ಮೇಷ್ಟ್ರು ಅಂತರ ಕಾಪಾಡಲೆಂದು ನೆಲದ ಮೇಲೆ ಸುಣ್ಣದಲ್ಲಿ ಬರೆಸಿದ್ದ ವೃತ್ತಗಳ ಮೇಲೇ ಬೆಂಚು ಎಳೆದು ಹಾಕಿದ್ದಾರೆ.

'ನೀವೇ ಒಂದು ಸುತ್ತಿಗೆ ತಂದು ಮೊಳೆ ಕೀಳಬಹುದಿತ್ತಲ್ಲ' ಎಂದು ತಮ್ಮ ಕಚೇರಿಯ ಗುಮಾಸ್ತರೂ ಕೇಳಿದರು. ಕೀಳಲು ಹೊರಟಿದ್ದೆವು ಸರ್. ಚೌಕಟ್ಟಿಗೆ ಗೆದ್ದಲು ಹಿಡಿದಿದೆ, ಪ್ಲೈ ತೆಗೆದರೆ ಕಿಟಕಿಯೇ ಕೈಗೆ ಬರುತ್ತದೆ. ಬಡಗಿಯನ್ನು ಕರೆಸಿ ಕೇಳಿದರೆ ಮೂರು ಕೋಣೆಗೆ ಮರ, ಸರಳು, ಕೂಲಿ ಸೇರಿ ಹದಿನೆಂಟು ಸಾವಿರ ಆಗುತ್ತದೆ ಅಂದ. ಪೋಷಕರೇ ಹಾಕಿಕೊಳ್ಳುತ್ತೇವೆ ಅಂದೆವು. ಅದಕ್ಕೆ ಬಿಇಒ ಕಚೇರಿಯಿಂದ ಬಂದ ಮಾತು: ಸರ್ಕಾರಿ ಕಟ್ಟಡ ಮುಟ್ಟುವ ಹಾಗಿಲ್ಲ, ಎಂಜಿನಿಯರ್ ಬಂದು ಅಂದಾಜುಪಟ್ಟಿ ಮಾಡಬೇಕು, ಮುಟ್ಟಿದರೆ ಹೆಡ್‌ಮೇಷ್ಟ್ರಿಗೆ ನೋಟಿಸ್. ಅವರ ನಿವೃತ್ತಿಗೆ ಇನ್ನು ಎಂಟು ತಿಂಗಳಿದೆ. ಅವರು ಸುಮ್ಮನಾದರು. ಮೊಳೆ ಹೊಡೆಯುವಾಗ ಯಾವ ಎಂಜಿನಿಯರ್ ಬಂದು ಅಂದಾಜುಪಟ್ಟಿ ಮಾಡಿದ್ದರು ಎಂದು ಕೇಳಬೇಕೆನಿಸಿತು, ಕೇಳಲಿಲ್ಲ. ಈಗ ಕೇಳುತ್ತಿದ್ದೇನೆ.

ಇಲಾಖೆ ಏನೂ ಮಾಡಿಲ್ಲ ಎಂದರೆ ಪಾಪ ಬರುತ್ತದೆ. ಗೇಟಿನಲ್ಲಿ ಮಕ್ಕಳ ಹಣೆಗೆ ಹಿಡಿಯಲು ಥರ್ಮಲ್ ಗನ್ ಬಂದಿದೆ. ಅದು ಎಲ್ಲ ಮಕ್ಕಳಿಗೂ 34 ಡಿಗ್ರಿ ತೋರಿಸುತ್ತದೆ. ಆ ಲೆಕ್ಕದಲ್ಲಿ ನಮ್ಮ ಹೈಸ್ಕೂಲಿನ ಒಂದು ಮಗುವೂ ಮನೆಗೆ ನಡೆದು ಬರುವ ಸ್ಥಿತಿಯಲ್ಲಿಲ್ಲ. ಕಾಲಿನಿಂದ ಒತ್ತುವ ಸ್ಯಾನಿಟೈಸರ್ ಸ್ಟ್ಯಾಂಡ್ ಬಂದಿದೆ, ಅದರ ಬಾಟಲಿ ಮೊದಲ ವಾರವೇ ಖಾಲಿ. ಬೆಂಚು, ಗೋಡೆ, ಬಾಗಿಲಿಗೆ ಹೈಪೊಕ್ಲೋರೈಟ್ ಹೊಡೆಸಿ ಫೋಟೊ ತೆಗೆದಿದ್ದಾರೆ. 2021ರ ಮೇ 20ರಂದು ಕೇಂದ್ರ ಸರ್ಕಾರದ ಪ್ರಧಾನ ವೈಜ್ಞಾನಿಕ ಸಲಹೆಗಾರರ ಕಚೇರಿ ಒಂದು ಸಲಹೆ ಹೊರಡಿಸಿತ್ತು. ಬಾಯಿಂದ ಸಿಡಿಯುವ ಹನಿ ಎರಡು ಮೀಟರಿನೊಳಗೆ ಬೀಳುತ್ತದೆ, ಸಣ್ಣ ತುಂತುರು ಹತ್ತು ಮೀಟರಿನವರೆಗೂ ಗಾಳಿಯಲ್ಲಿ ತೇಲಿಕೊಂಡು ಹೋಗಬಲ್ಲದು, ಕಿಟಕಿ ಬಾಗಿಲು ತೆರೆದು ಗಾಳಿಯಾಡಿಸಿ ಎಂದು ಅದರಲ್ಲಿದೆ. ನಮ್ಮ ಕೋಣೆಯ ಉದ್ದವೇ ಹತ್ತು ಮೀಟರ್ ಇಲ್ಲ. ಹೊಲಿಗೆಯವಳು ನಾನು, ಟೇಪು ನನ್ನ ಹತ್ತಿರವೇ ಇದೆ, ಅಳೆದಿದ್ದೇನೆ.

ಗಣೇಶನ ಹಬ್ಬ ಕಳೆದ ವಾರದಲ್ಲಿ ಆ ತರಗತಿಯ ಇಬ್ಬರು ಮಕ್ಕಳಿಗೆ ಪಾಸಿಟಿವ್ ಬಂತು. ನಮಗೆ ಹೇಳಿದವರು ಶಾಲೆಯವರಲ್ಲ, ಹಾಲಿನ ಡೇರಿಯಲ್ಲಿ ಯಾರೋ ಅಂದರು. ಓಡಿಹೋದರೆ ಹೆಡ್‌ಮೇಷ್ಟ್ರು ತಲೆ ತಗ್ಗಿಸಿ, 'ಗಾಬರಿ ಹುಟ್ಟಿಸಬೇಡಿ ಅಂತ ಮೇಲಿನಿಂದ ಹೇಳಿದ್ದಾರಮ್ಮ' ಅಂದರು. ಒಂದು ದಿನ ಬೀಗ, ಔಷಧಿ ಸಿಂಪಡಣೆ, ಮೂರನೇ ದಿನ ಅದೇ ಕೋಣೆ, ಅದೇ ಪ್ಲೈವುಡ್. ಮಕ್ಕಳಿಬ್ಬರೂ ಗುಣವಾದರು, ದೇವರು ದೊಡ್ಡವನು. ಅವರಲ್ಲೊಬ್ಬನ ಅಜ್ಜಿ ಹನ್ನೆರಡು ದಿನ ಜಿಲ್ಲಾಸ್ಪತ್ರೆಯಲ್ಲಿ ಆಕ್ಸಿಜನ್ ಮೇಲಿದ್ದು ಮನೆಗೆ ಬಂದಿದ್ದಾರೆ. ಅಜ್ಜಿಗೆ ಶಾಲೆಯಿಂದಲೇ ತಗುಲಿತು ಎಂದು ನಾನು ಆಣೆ ಮಾಡಲಾರೆ. ನನ್ನ ಅತ್ತೆಗೂ ಎಪ್ಪತ್ತು ದಾಟಿದೆ. ಮಗಳು ಈಗ ಮನೆಯಲ್ಲೂ ಮಾಸ್ಕ್ ಹಾಕಿಕೊಂಡು, ಜಗುಲಿಯಲ್ಲಿ ಬೇರೆ ತಟ್ಟೆ ಇಟ್ಟುಕೊಂಡು ಉಣ್ಣುತ್ತಾಳೆ. ಹದಿನೈದು ವರ್ಷದ ಹುಡುಗಿ. ಅವಳ ವಯಸ್ಸಿನವರಿಗೆ ಝೈಕೋವ್–ಡಿ ಲಸಿಕೆಗೆ ಆಗಸ್ಟ್‌ನಲ್ಲೇ ಅನುಮತಿ ಸಿಕ್ಕಿದೆಯೆಂದು ಪೇಪರಿನಲ್ಲಿ ಓದಿದೆವು, ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಅದಿನ್ನೂ ಬಂದಿಲ್ಲ. ಅವಳಿಗಿರುವ ರಕ್ಷಣೆ ನಾನು ಹೊಲಿದ ಎರಡು ಪದರದ ಬಟ್ಟೆ ಮಾತ್ರ.

ಆಮೇಲೆ ನಾವು ನಾಲ್ಕು ಜನ ಅರ್ಧ ದಿನದ ಕೂಲಿ, ವ್ಯಾಪಾರ ಬಿಟ್ಟು ತಮ್ಮ ಕಚೇರಿಗೆ ಬಂದೆವು. ಎರಡು ಗಂಟೆ ಹೊರಗೆ ಕಾದೆವು. ಅದಕ್ಕೆ ಬೇಜಾರಿಲ್ಲ, ಕಚೇರಿ ಎಂದ ಮೇಲೆ ಕಾಯಬೇಕು. ಒಳಗೆ ಕರೆಸಿದಿರಿ. ಕಿಟಕಿ ಎಂಬ ಶಬ್ದ ಬಾಯಿಂದ ಬೀಳುತ್ತಲೇ ಫೈಲಿನಿಂದ ಒಂದು ಹಾಳೆ ಎಳೆದು ಮೇಜಿನ ಮೇಲಿಟ್ಟಿರಿ. 'ಒಪ್ಪಿಗೆ ಪತ್ರ ಕೊಟ್ಟಿದ್ದೀರಲ್ಲ? ಹಾಜರಾತಿ ಕಡ್ಡಾಯ ಅಂತ ಯಾರೂ ಹೇಳಿಲ್ಲ. ಭಯ ಇದ್ರೆ ಮನೇಲಿ ಇಟ್ಕೊಳ್ಳಿ' ಅಂದಿರಿ. ನಗುತ್ತಲೇ ಅಂದಿರಿ, ಆಗಸ್ಟ್ 21ರಂದು ನಕ್ಕ ಹಾಗೆಯೇ.

ಆ ಹಾಳೆಗೆ ನಾನು ಸಹಿ ಹಾಕಿದ್ದು ಯಾವಾಗ ಎಂದು ಹೇಳುತ್ತೇನೆ, ಕೇಳಿ. ಅದೇ ಶನಿವಾರ, ಅದೇ ಸಭೆಯಲ್ಲಿ, ತಾವು ಎಂಟು ದಿನ ಎಂದು ಮೈಕು ಕೆಳಗಿಟ್ಟ ಕಾಲು ಗಂಟೆಗೆ. ಅಲ್ಲಿಯವರೆಗೆ ಅರ್ಧಕ್ಕರ್ಧ ತಾಯಂದಿರು ಆ ಹಾಳೆಯನ್ನು ಮಡಚಿ ಕೈಯಲ್ಲೇ ಹಿಡಿದುಕೊಂಡಿದ್ದರು. ನಮ್ಮ ಸ್ವಂತ ಜವಾಬ್ದಾರಿಯಲ್ಲಿ ಕಳಿಸುತ್ತಿದ್ದೇವೆ ಎಂಬ ಒಕ್ಕಣೆ ಓದಿ ಯಾರಿಗೂ ಧೈರ್ಯ ಬಂದಿರಲಿಲ್ಲ. ತಾವು ಮಾತು ಕೊಟ್ಟಿರಿ, ನಾವು ಪೆನ್ನು ತೆಗೆದೆವು. ಹೆಬ್ಬೆಟ್ಟು ಒತ್ತುವವರಿಗೆ ನಾನೇ ಕೈ ಹಿಡಿದು ಒತ್ತಿಸಿದೆ. ನಮ್ಮ ಸಹಿ ಫೈಲಿನಲ್ಲಿ ಭದ್ರವಾಗಿದೆ. ನಿಮ್ಮ ಮಾತು ಮೈಕಿನಲ್ಲೇ ಹೋಯಿತು.

ಶಾಲೆ ಮುಚ್ಚಿ ಎಂದು ನಾನು ಕೇಳುತ್ತಿಲ್ಲ. ಮುಚ್ಚಿದ ಶಾಲೆ ಏನು ಮಾಡುತ್ತದೆ ಎಂಬುದನ್ನು ನಿಮಗಿಂತ ಹತ್ತಿರದಿಂದ ನೋಡಿದ್ದೇವೆ. ನನ್ನ ಮಗಳು ಎಂಟನೇ ತರಗತಿಯ ಪರೀಕ್ಷೆ ಬರೆಯಲಿಲ್ಲ. ಒಂಬತ್ತನೇ ತರಗತಿ ನಡೆದದ್ದೇ ಫೆಬ್ರವರಿಯಿಂದ ಏಪ್ರಿಲ್‌ವರೆಗೆ. ಮಿಕ್ಕ ದಿನ ಚಂದನ ವಾಹಿನಿಯ ಪಾಠ, ಅದೂ ಕರೆಂಟ್ ಇದ್ದರೆ. ಆನ್‌ಲೈನ್ ಕ್ಲಾಸಿಗೆ ನೆಟ್‌ವರ್ಕ್ ಸಿಗುವುದು ಗುಡ್ಡದ ಮೇಲಿನ ನೀರಿನ ಟ್ಯಾಂಕಿನ ಹತ್ತಿರ. ಮಳೆಯಲ್ಲಿ ಕೊಡೆ ಹಿಡಿದು ಅಲ್ಲಿ ಕೂತಿರುತ್ತಿದ್ದಳು, ಹಿಂದಿನಿಂದ ನಾನೊಂದು ಬೆತ್ತ ಹಿಡಿದು ನಾಯಿ ಓಡಿಸುತ್ತಿದ್ದೆ. ಅವಳ ಜೊತೆ ಓದುತ್ತಿದ್ದ ಒಬ್ಬಳಿಗೆ ಮದುವೆಯಾಗಿದೆ. ಸೀರೆಗೆ ಬ್ಲೌಸ್ ಹೊಲಿಸಿಕೊಳ್ಳಲು ನನ್ನ ಅಂಗಡಿಗೇ ಬಂದಿತ್ತು ಆ ಮಗು. ಅಳತೆ ತೆಗೆಯುವಾಗ ನನ್ನ ಕೈ ನಡುಗಿತು, ಹೊಲಿದೆ, ದುಡ್ಡು ತೆಗೆದುಕೊಂಡೆ. ಗಂಡುಹುಡುಗರು ಅಡಿಕೆ ಸುಲಿಯಲು ಹೋದವರು ಇನ್ನೂ ಪೂರ್ತಿ ವಾಪಸಾಗಿಲ್ಲ. ಶಾಲೆ ತೆರೆಯಲೇಬೇಕಿತ್ತು. ಆಗಸ್ಟ್ 23ರಂದು ಗಂಟೆ ಬಾರಿಸಿದಾಗ ನಾನು ಅಂಗಡಿಯಲ್ಲಿ ಕೂತು ಅತ್ತಿದ್ದೇನೆ.

ಆದರೆ ತೆರೆಯುವುದು ಎಂದರೆ ಏನು ಸಾಹೇಬರೇ? ಗೇಟಿನ ಬೀಗ ತೆಗೆಯುವುದೇ? ಪಾಸಿಟಿವಿಟಿ ಶೇ 2ಕ್ಕಿಂತ ಕಡಿಮೆ ಇರುವ ಜಿಲ್ಲೆಗಳಲ್ಲಿ ತೆರೆಯಬಹುದು ಎಂದು ಬೆಂಗಳೂರಿನಲ್ಲಿ ಕೂತು ಲೆಕ್ಕ ಹಾಕಿದರು, ಸರಿ. ಜಿಲ್ಲೆಯ ಲೆಕ್ಕ ಜಿಲ್ಲೆಗಾಯಿತು, ಈ ಕೋಣೆಯ ಲೆಕ್ಕ ಯಾರು ಇಟ್ಟಿದ್ದಾರೆ? ಹೋದ ವರ್ಷವೂ ಹೀಗೇ. ಶಾಲೆ ಮುಚ್ಚಿದ್ದಾಗ ವಿದ್ಯಾಗಮ ಯೋಜನೆ ಎಂದು ಪಾಠ ಮಾಡಲು ಮೇಷ್ಟ್ರುಗಳನ್ನು ದೇವಸ್ಥಾನದ ಜಗುಲಿ, ಅರಳಿಕಟ್ಟೆಗೆ ಅಟ್ಟಿದಿರಿ. ಮೇಷ್ಟ್ರುಗಳು ಸಾಯತೊಡಗಿದ ಮೇಲೆ ಅಕ್ಟೋಬರಿನಲ್ಲಿ ನಿಲ್ಲಿಸಿದಿರಿ. ಅವರನ್ನೇ ಮನೆ ಮನೆ ಸರ್ವೆಗೆ, ಚೆಕ್‌ಪೋಸ್ಟಿಗೆ, ಚುನಾವಣೆಗೆ ಕಳಿಸಿದಿರಿ. ಈಗ ಹಾನಗಲ್, ಸಿಂದಗಿಯಲ್ಲಿ ಉಪಚುನಾವಣೆ ಬಂದಿದೆ. ಅಲ್ಲಿ ವೇದಿಕೆ ಹಾಕಲು, ಪೆಂಡಾಲು ಕಟ್ಟಲು ಯಾವ ಅಂದಾಜುಪಟ್ಟಿಗೂ ಆರು ವಾರ ಹಿಡಿಯುವುದಿಲ್ಲ. ನಮ್ಮಲ್ಲಿ ಗಣಿತದ ಮೇಷ್ಟ್ರ ಹುದ್ದೆ ಖಾಲಿ ಬಿದ್ದಿದೆ, ಹುಡುಗಿಯರ ಶೌಚಾಲಯಕ್ಕೆ ನೀರಿಲ್ಲ. ನೀರಿಲ್ಲವೆಂದು ನನ್ನ ಮಗಳು ಬೆಳಿಗ್ಗೆಯಿಂದ ಸಂಜೆವರೆಗೆ ನೀರೇ ಕುಡಿಯುವುದಿಲ್ಲ. ಜುಲೈನಲ್ಲಿ ಆರು ವಿಷಯದ ಎಸ್‌ಎಸ್‌ಎಲ್‌ಸಿ ಪರೀಕ್ಷೆಯನ್ನು ಎರಡೇ ದಿನದಲ್ಲಿ, ಓಎಂಆರ್ ಹಾಳೆಯಲ್ಲಿ ಮುಗಿಸಿದ ಇಲಾಖೆ ನಿಮ್ಮದು. ಸಾಮರ್ಥ್ಯ ಇಲ್ಲ ಎಂದು ಯಾರು ಹೇಳುತ್ತಾರೆ? ನಮ್ಮ ಮಕ್ಕಳ ವಿಷಯಕ್ಕೆ ಬಂದಾಗ ಮಾತ್ರ ಎಂಜಿನಿಯರ್ ರಜೆಯಲ್ಲಿರುತ್ತಾರೆ.

ಬರೆಯುತ್ತ ಎಲ್ಲೆಲ್ಲಿಗೋ ಹೋದೆ. ನಾನು ಕೇಳಲು ಹೊರಟಿದ್ದು ಒಂದು ಕಿಟಕಿ. ದಸರಾ ರಜೆ ಮುಗಿದರೆ ಬಿಸಿಯೂಟ ಶುರುವಾಗುತ್ತದೆ ಅನ್ನುತ್ತಿದ್ದಾರೆ. ಮಳೆ ಬಂದರೆ ಮಕ್ಕಳು ಉಣ್ಣುವುದೂ ತರಗತಿಯ ಒಳಗೇ. ನಲವತ್ತಾರು ಮಕ್ಕಳು ಮಾಸ್ಕ್ ಕೆಳಗಿಳಿಸಿ, ಆ ಮುಚ್ಚಿದ ಕೋಣೆಯಲ್ಲಿ ಒಟ್ಟಿಗೆ ಕೂತು ಉಣ್ಣುತ್ತಾರೆ.

ರಜೆಯೊಳಗೆ ಕಿಟಕಿ ತೆರೆಸಿ. ಸೋಂಕು ಬಂದರೆ ಆವತ್ತೇ ನಮಗೆ ತಿಳಿಸಿ, ಡೇರಿಯಲ್ಲಿ ಕೇಳಿ ತಿಳಿಯುವ ಗತಿ ಬೇಡ. ನೀವು ನಮ್ಮಿಂದ ಬರೆಸಿಕೊಂಡ ಹಾಗೆಯೇ ಒಂದು ಹಾಳೆಯಲ್ಲಿ ನೀವೂ ಬರೆದುಕೊಡಿ: ಈ ಕೋಣೆ ಮಕ್ಕಳು ಕೂರಲು ಯೋಗ್ಯವಾಗಿದೆ ಎಂದು. ಕೆಳಗೆ ಸಹಿ, ಹೆಸರು, ಹುದ್ದೆ, ತಾರೀಕು. ಅದನ್ನು ಶಾಲೆಯ ನೋಟಿಸ್ ಬೋರ್ಡಿಗೆ ಅಂಟಿಸುತ್ತೇವೆ.

ಆಗದಿದ್ದರೆ ಅದನ್ನೂ ಹೇಳಿಬಿಡಿ. ಬಡಗಿಗೆ ಮುಂಗಡ ಕೊಟ್ಟಾಗಿದೆ, ಸಂಘದಿಂದ ಸಾಲ ಎತ್ತಿದ್ದೇವೆ. ಆಯುಧಪೂಜೆಯ ದಿನ ಅವನು ಉಳಿ, ಸುತ್ತಿಗೆ ತೊಳೆದು ಕುಂಕುಮ ಇಟ್ಟು ಪೂಜೆ ಮಾಡುತ್ತಾನೆ. ವಿಜಯದಶಮಿ ಕಳೆದ ಮೇಲೆ ಶಾಲೆಗೆ ಬರುತ್ತಾನೆ. ಮೊದಲ ಮೊಳೆಯನ್ನು, ಅದನ್ನು ಹೊಡೆದ ನನ್ನ ಮೈದುನನ ಕೈಯಲ್ಲೇ ಕೀಳಿಸುತ್ತೇನೆ. ನೋಟಿಸ್ ಕೊಡುವುದಿದ್ದರೆ ಹೆಡ್‌ಮೇಷ್ಟ್ರಿಗೆ ಬೇಡ, ನನಗೇ ಕೊಡಿ. ನನ್ನ ಹೆಸರು, ವಿಳಾಸ, ಫೋನ್ ನಂಬರು ಹುಡುಕಬೇಕಾಗಿಲ್ಲ. ಅವತ್ತು ಮೇಜಿನ ಮೇಲಿಟ್ಟಿರಲ್ಲ, ಆ ಒಪ್ಪಿಗೆ ಪತ್ರದಲ್ಲೇ ಇದೆ.

ಇತಿ,
ಹತ್ತನೇ ತರಗತಿಯ ವಿದ್ಯಾರ್ಥಿನಿಯ ತಾಯಿ,
ಎಸ್‌ಡಿಎಂಸಿ ಸದಸ್ಯೆ