ವಿಆರ್ ಗೇಮ್ ಆಡಿದರೆ ಕಣ್ಣು ಹೋಗುತ್ತದೆಯೇ? ಆಡುವುದಾದರೆ ಯಾವುದನ್ನು ಆಡಬೇಕು?

ಬೇಸಿಗೆ ರಜೆ ಬಂತೆಂದರೆ ಫ್ಯಾಮಿಲಿ ಗ್ರೂಪ್‌ಗಳಲ್ಲಿ ಎರಡು ಬಗೆಯ ಸಂದೇಶಗಳು ಓಡಾಡುತ್ತವೆ. ‘ಕಣ್ಣಿನಿಂದ ಎರಡೇ ಇಂಚು ದೂರದಲ್ಲಿ ಪರದೆ ಇರುವ ವಿಆರ್ ಕನ್ನಡಕ ಹಾಕಿದರೆ ಮಕ್ಕಳ ದೃಷ್ಟಿ ಶಾಶ್ವತವಾಗಿ ಹೋಗುತ್ತದೆ, ಎಲ್ಲರಿಗೂ ತಿಳಿಸಿ’ ಎನ್ನುವುದು ಒಂದು. ‘ನಿಮ್ಮ ಫೋನ್ ಸಾಕು, ಈ ಡಬ್ಬಿ ಕೊಂಡರೆ ಬೇರೆಯದೇ ಲೋಕ’ ಎನ್ನುವ ಜಾಹೀರಾತು ಇನ್ನೊಂದು. ಮೊದಲನೆಯದನ್ನು ನಂಬಿದವರು ಮಕ್ಕಳಿಗೆ ಅದನ್ನು ಮುಟ್ಟಲೂ ಬಿಡುವುದಿಲ್ಲ. ಎರಡನೆಯದನ್ನು ನಂಬಿದವರು ಡಬ್ಬಿ ತಂದು, ರೋಲರ್ ಕೋಸ್ಟರ್ ವಿಡಿಯೋ ಹಾಕಿಕೊಟ್ಟು, ಹತ್ತು ನಿಮಿಷಕ್ಕೆ ಮಗು ವಾಂತಿ ಮಾಡಿಕೊಂಡ ಮೇಲೆ ಅಟ್ಟಕ್ಕೆ ಎಸೆಯುತ್ತಾರೆ. ವಿಆರ್‌ನಲ್ಲಿ ನಿಜಕ್ಕೂ ಚೆನ್ನಾಗಿರುವ ಆಟಗಳು ಇಬ್ಬರಿಗೂ ಸಿಗುವುದೇ ಇಲ್ಲ.

ಮೊದಲು ಕಣ್ಣಿನ ವಿಷಯ. ಪರದೆ ಕಣ್ಣಿಗೆ ತೀರಾ ಹತ್ತಿರ ಇರುವುದು ನಿಜ. ಆದರೆ ನಡುವೆ ಲೆನ್ಸ್ ಇದೆ. ಅದರ ಮೂಲಕ ನೋಡುವಾಗ ಚಿತ್ರ ಒಂದೆರಡು ಮೀಟರ್ ದೂರದಲ್ಲಿ ಇದ್ದಂತೆ ಕಾಣುತ್ತದೆ, ಕಣ್ಣು ಆ ದೂರಕ್ಕೇ ಫೋಕಸ್ ಮಾಡುತ್ತದೆ. ರಾತ್ರಿ ಹಾಸಿಗೆಯಲ್ಲಿ ಮಲಗಿ ಮುಖದ ಹತ್ತಿರ ಫೋನ್ ಹಿಡಿದು ಈ ಸಂದೇಶವನ್ನು ಫಾರ್ವರ್ಡ್ ಮಾಡುವಾಗ ಕಣ್ಣಿಗೆ ಆಗುವ ಫೋಕಸ್ ಶ್ರಮ ಅದಕ್ಕಿಂತ ಹೆಚ್ಚು! ವಿಆರ್‌ನ ತೊಂದರೆ ಬೇರೆ. ಆಟದಲ್ಲಿ ವಸ್ತು ಹತ್ತಿರ ಬಂದಾಗ ಎರಡೂ ಕಣ್ಣುಗಳು ಒಳಕ್ಕೆ ತಿರುಗುತ್ತವೆ, ಫೋಕಸ್ ಮಾತ್ರ ಅದೇ ದೂರದಲ್ಲಿ ನಿಂತಿರುತ್ತದೆ. ನಿಜ ಜೀವನದಲ್ಲಿ ಇವೆರಡೂ ಒಟ್ಟಿಗೇ ನಡೆಯುವ ಕೆಲಸ. ಹೀಗೆ ಬೇರೆಯಾದಾಗ ಕಣ್ಣು ದಣಿಯುತ್ತದೆ, ತಲೆ ನೋಯುತ್ತದೆ. ಸಾಮಾನ್ಯವಾಗಿ ವಿಶ್ರಾಂತಿ ತೆಗೆದುಕೊಂಡರೆ ಸರಿಹೋಗುತ್ತದೆ. ಕಣ್ಣು ಶಾಶ್ವತವಾಗಿ ಹಾಳಾಗುತ್ತದೆ ಎನ್ನುವುದಕ್ಕೆ ಆಧಾರ ಸಿಕ್ಕಿಲ್ಲ.

ಹಾಗೆಂದು ಐದು ವರ್ಷದ ಮಗುವಿನ ತಲೆಗೆ ಕಟ್ಟಿಬಿಡಬೇಡಿ. ಈ ಸಾಧನಗಳು ದೊಡ್ಡವರ ಮುಖದ ಅಳತೆಗೆ ಮಾಡಿದವು. ಎರಡು ಕಣ್ಣುಗಳ ನಡುವಿನ ಅಂತರ ಹೊಂದದಿದ್ದರೆ ಚಿತ್ರ ಮಸುಕಾಗುತ್ತದೆ. ಮೆಟಾ ಕಂಪನಿ ತನ್ನ ಕ್ವೆಸ್ಟ್‌ಗೆ 13 ವರ್ಷ ಎಂದಿದ್ದ ಮಿತಿಯನ್ನು 2023ರಲ್ಲಿ ಪೋಷಕರ ಉಸ್ತುವಾರಿಯ ಷರತ್ತಿನ ಮೇಲೆ 10ಕ್ಕೆ ಇಳಿಸಿತು. ಸೋನಿಯ ಪ್ಲೇಸ್ಟೇಷನ್ ವಿಆರ್2, 12 ವರ್ಷಕ್ಕಿಂತ ಚಿಕ್ಕವರಿಗಲ್ಲ. ಮನೆಯಲ್ಲಿ ಯಾರಿಗಾದರೂ ಫಿಟ್ಸ್ ಇದ್ದರೆ ಡಾಕ್ಟರನ್ನು ಕೇಳದೆ ಮುಂದುವರಿಯಬೇಡಿ. 1997ರಲ್ಲಿ ಜಪಾನಿನಲ್ಲಿ ಟಿವಿಯಲ್ಲಿ ಬಂದ ಪೋಕೆಮಾನ್ ಕಾರ್ಟೂನಿನ ಒಂದು ಮಿನುಗುವ ದೃಶ್ಯ ನೋಡಿ ನೂರಾರು ಮಕ್ಕಳು ಆಸ್ಪತ್ರೆ ಸೇರಿದ್ದರು. ವಿಆರ್‌ನಲ್ಲಿ ಅಂಥ ಮಿನುಗು ಕಣ್ಣಿನ ತುಂಬ ಇರುತ್ತದೆ, ಮುಖ ತಿರುಗಿಸಿದರೂ ಬಿಡುವುದಿಲ್ಲ.

ಇನ್ನು ವಾಂತಿ. ಇದು ಸುಳ್ಳಲ್ಲ. ನಮ್ಮ ತಂಡದ ಇಬ್ಬರು ಬೆಂಗಳೂರಿನ ಒಂದು ಮಾಲ್‌ನಲ್ಲಿ ದುಡ್ಡು ಕೊಟ್ಟು ವಿಆರ್ ರೋಲರ್ ಕೋಸ್ಟರ್ ಹತ್ತಿದೆವು. ಒಬ್ಬರಿಗೆ ಏನೂ ಆಗಲಿಲ್ಲ. ಇನ್ನೊಬ್ಬರು ಸಂಜೆಯವರೆಗೂ ಊಟ ಬೇಡ ಎಂದರು.

ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿಯುವಾಗ ಬಸ್ಸಿನಲ್ಲಿ ತಲೆ ಬಗ್ಗಿಸಿ ಮೊಬೈಲ್ ನೋಡಿದ್ದೀರಾ? ನಮ್ಮ ಒಳಕಿವಿಯಲ್ಲಿ ದ್ರವ ತುಂಬಿದ ಪುಟ್ಟ ಕೊಳವೆಗಳಿವೆ. ದೇಹ ತಿರುಗಿದ್ದನ್ನು, ವಾಲಿದ್ದನ್ನು ಮಿದುಳಿಗೆ ತಿಳಿಸುವುದು ಒಳಕಿವಿಯ ಕೆಲಸ. ಬಸ್ಸಿನಲ್ಲಿ ಕಿವಿ ‘ತಿರುಗುತ್ತಿದ್ದೇವೆ’ ಎನ್ನುತ್ತದೆ, ಮೊಬೈಲ್ ಮೇಲಿರುವ ಕಣ್ಣು ‘ಇಲ್ಲ, ಸುಮ್ಮನೆ ಕೂತಿದ್ದೇವೆ’ ಎನ್ನುತ್ತದೆ. ಈ ಜಗಳದಲ್ಲಿ ಹೊಟ್ಟೆ ತೊಳಸುತ್ತದೆ. ವಿಆರ್ ರೋಲರ್ ಕೋಸ್ಟರ್‌ನಲ್ಲಿ ಅದೇ ಜಗಳ ತಿರುವುಮುರುವು: ಕಣ್ಣು ಓಡುತ್ತಿದೆ, ಕಿವಿ ಕುರ್ಚಿಯಲ್ಲಿ ಕೂತಿದೆ.

ಹಾಗಾಗಿ ವಿಆರ್ ಆಟ ಆರಿಸುವಾಗ ಗ್ರಾಫಿಕ್ಸ್ ಹೇಗಿದೆ ಎನ್ನುವುದು ಆಮೇಲಿನ ಮಾತು. ಆಟ ನಿಮ್ಮನ್ನು ಹೇಗೆ ಚಲಿಸುತ್ತದೆ ಎಂದು ಮೊದಲು ನೋಡಿ. ನೀವು ನಿಜಕ್ಕೂ ಅಲ್ಲಾಡಿದಷ್ಟೇ ಆಟದೊಳಗೂ ಅಲ್ಲಾಡಿದರೆ ಕಿವಿಗೂ ಕಣ್ಣಿಗೂ ತಕರಾರಿಲ್ಲ.

ಪ್ರಾಗ್ ನಗರದಲ್ಲಿ ಹುಟ್ಟಿ 2018ರಲ್ಲಿ ಬಂದ ‘ಬೀಟ್ ಸೇಬರ್’ ಇಷ್ಟು ಹೆಸರು ಮಾಡಿದ್ದರಲ್ಲಿ ಇದರ ಪಾಲು ದೊಡ್ಡದು. ನೀವು ನಿಂತಲ್ಲೇ ನಿಂತಿರುತ್ತೀರಿ, ಎರಡು ಕೈಯಲ್ಲಿ ಎರಡು ಬೆಳಕಿನ ಕತ್ತಿ. ಹಾಡಿನ ತಾಳಕ್ಕೆ ಸರಿಯಾಗಿ ಎದುರಿನಿಂದ ಬರುವ ಪೆಟ್ಟಿಗೆಗಳನ್ನು ಕತ್ತರಿಸಬೇಕು. ಮೂರು ಹಾಡು ಮುಗಿಯುವಷ್ಟರಲ್ಲಿ ಬೆವರು ಇಳಿಯುತ್ತದೆ, ತಲೆ ಮಾತ್ರ ಸುತ್ತುವುದಿಲ್ಲ. ಮೊದಲ ಸಲ ಆಡುವವರಿಗೆ ನಾವು ಸೂಚಿಸುವುದು ಇದನ್ನೇ. ಸ್ವಲ್ಪ ತುಂಟತನ ಬೇಕೆಂದರೆ 2016ರ ‘ಜಾಬ್ ಸಿಮ್ಯುಲೇಟರ್’ ಇದೆ. ಮನುಷ್ಯರು ಹಿಂದೆ ಹೇಗೆ ಕೆಲಸ ಮಾಡುತ್ತಿದ್ದರು ಎಂದು 2050ರ ರೋಬೋಟ್‌ಗಳು ತಪ್ಪುತಪ್ಪಾಗಿ ಊಹಿಸಿ ಕಟ್ಟಿದ ಅಡುಗೆಮನೆ, ಆಫೀಸು, ಅಂಗಡಿ ಅದರಲ್ಲಿವೆ. ಪಾತ್ರೆ ಒಡೆದರೂ ಬೈಯುವವರಿಲ್ಲ. ನಮ್ಮಲ್ಲೊಬ್ಬರ ಅತ್ತೆ ಅರ್ಧ ಗಂಟೆ ಅಲ್ಲೇ ಟೊಮ್ಯಾಟೊ ಎಸೆಯುತ್ತ ಇದ್ದರು.

ಕೂತು ಆಡುವುದಾದರೆ ‘ಮಾಸ್’. ದಸರಾ ಗೊಂಬೆಗಳ ಮುಂದೆ ಕೂತು ಬಗ್ಗಿ ನೋಡಿದಂತೆ ಪುಟ್ಟ ಕಾಡೊಂದು ಕಾಣುತ್ತದೆ, ಅದರಲ್ಲಿ ಕ್ವಿಲ್ ಎಂಬ ಇಲಿಯನ್ನು ನೀವು ನಡೆಸಬೇಕು. ಓಡುವುದು ಇಲಿ, ನೀವಲ್ಲ! ಅಮೆರಿಕದಲ್ಲೋ ದುಬೈನಲ್ಲೋ ಇರುವ ಅಣ್ಣತಮ್ಮಂದಿರ ಬಳಿಯೂ ಸಾಧನ ಇದ್ದರೆ ‘ವಾಕಬೌಟ್ ಮಿನಿ ಗಾಲ್ಫ್’ ಒಳ್ಳೆಯದು. ಆಟಕ್ಕಿಂತ ಹರಟೆಯೇ ಹೆಚ್ಚು ನಡೆಯುತ್ತದೆ.

ದೊಡ್ಡವರಿಗೆ, ಅದರಲ್ಲೂ ಧೈರ್ಯ ಇರುವವರಿಗೆ, 2020ರ ‘ಹಾಫ್-ಲೈಫ್: ಅಲಿಕ್ಸ್’. ಇದರಲ್ಲಿ ಜೆಫ್ ಎಂಬ ಕುರುಡು ರಾಕ್ಷಸ ಇದ್ದಾನೆ. ಅವನು ಹತ್ತಿರ ಬಂದರೆ ನಿಮಗೆ ಕೆಮ್ಮು ಬರುತ್ತದೆ, ಕೆಮ್ಮಿದರೆ ಅವನಿಗೆ ಕೇಳಿಸುತ್ತದೆ. ಆಗ ಬಟನ್ ಒತ್ತಿದರೆ ಆಗದು. ನಿಮ್ಮ ಕೈಯನ್ನೇ ಎತ್ತಿ ಬಾಯಿ ಮುಚ್ಚಿಕೊಳ್ಳಬೇಕು. ಟಿವಿ ಮುಂದೆ ಕೂತು ಆಡುವ ಯಾವ ಆಟವೂ ಕೊಡದ ಅನುಭವ ಇದು. ಇದರಲ್ಲಿ ನಡೆಯುವ ಬದಲು ಒಂದು ಜಾಗದಿಂದ ಇನ್ನೊಂದಕ್ಕೆ ಥಟ್ಟನೆ ಜಿಗಿಯುವ ಆಯ್ಕೆ ಇದೆ, ಹೊಟ್ಟೆ ತೊಳಸುವವರು ಅದನ್ನೇ ಆರಿಸಿಕೊಳ್ಳಿ. ಆದರೆ ಇದಕ್ಕೆ ದುಬಾರಿ ಗೇಮಿಂಗ್ ಕಂಪ್ಯೂಟರ್ ಬೇಕು.

ಈ ಆಟಗಳನ್ನು ಕೆಲವು ನೂರು ರೂಪಾಯಿಯ ಫೋನ್ ಡಬ್ಬಿಯಲ್ಲಿ ಆಡಬಹುದೇ? ಆಗುವುದಿಲ್ಲ. ಈ ಡಬ್ಬಿಗಳ ಮೂಲ 2014ರಲ್ಲಿ ಬಂದ ಗೂಗಲ್ ಕಾರ್ಡ್‌ಬೋರ್ಡ್. ಗೂಗಲ್ ಅದರ ಮಾರಾಟವನ್ನು 2021ರಲ್ಲೇ ನಿಲ್ಲಿಸಿತು. ಡಬ್ಬಿಯೊಳಗಿನ ಫೋನಿಗೆ ನಿಮ್ಮ ತಲೆ ಯಾವ ಕಡೆ ತಿರುಗಿತು ಎಂದು ಗೊತ್ತಾಗುತ್ತದೆ, ತಲೆ ಮುಂದಕ್ಕೆ ಸರಿಯಿತು ಎಂಬುದು ಗೊತ್ತಾಗುವುದಿಲ್ಲ. ನೀವು ಬಗ್ಗಿದರೆ ಇಡೀ ಲೋಕವೇ ನಿಮ್ಮೊಂದಿಗೆ ಸರಿಯುತ್ತದೆ. ಮತ್ತೆ ಅದೇ ಕಣ್ಣು-ಕಿವಿ ಜಗಳ. ಐದು ನಿಮಿಷ 360 ಡಿಗ್ರಿ ವಿಡಿಯೋ ನೋಡಲು ಡಬ್ಬಿ ಸಾಕು, ಅಷ್ಟೇ. ‘ಬೀಟ್ ಸೇಬರ್ ಫೋನ್‌ನಲ್ಲಿ ಉಚಿತ’ ಎಂದು ಯಾರಾದರೂ ಎಪಿಕೆ ಫೈಲ್ ಕಳಿಸಿದರೆ ತೆರೆಯಬೇಡಿ; ಆ ಆಟಕ್ಕೆ ಫೋನ್ ಆವೃತ್ತಿಯೇ ಇಲ್ಲ. ಫೈಲ್‌ನಲ್ಲಿ ಇರುವುದು ಬೇರೆ ಏನೋ.

ಸಾಧನ ಕೊಳ್ಳುವ ಮುನ್ನ ಗೇಮಿಂಗ್ ಸೆಂಟರ್‌ನಲ್ಲೋ ಗೆಳೆಯರ ಮನೆಯಲ್ಲೋ ಒಮ್ಮೆ ಆಡಿ ನೋಡಿ. ಸ್ವಲ್ಪ ಹೊಟ್ಟೆ ತೊಳಸಿದರೂ ತಕ್ಷಣ ತೆಗೆದುಬಿಡಿ. ತಡೆದುಕೊಂಡರೆ ಅಭ್ಯಾಸವಾಗುತ್ತದೆ ಎಂಬ ಸಲಹೆ ತಪ್ಪು, ತಡೆದುಕೊಂಡಷ್ಟೂ ಹೆಚ್ಚಾಗುತ್ತದೆ. ದಿನಕ್ಕೆ ಸ್ವಲ್ಪ ಸ್ವಲ್ಪ ಆಡುತ್ತ ಹೋದರೆ ಹಲವರಿಗೆ ಒಗ್ಗುತ್ತದೆ. ಆಡಿದ ಕೂಡಲೇ ಸ್ಕೂಟರ್ ಹತ್ತಬೇಡಿ.

ಇನ್ನು ನಮ್ಮ ಮನೆಗಳಿಗೇ ಹೇಳಬೇಕಾದ ಮಾತೊಂದಿದೆ. ಕತ್ತಿ ಬೀಸುವ ಉತ್ಸಾಹದಲ್ಲಿ ಮೇಲೆ ತಿರುಗುವ ಫ್ಯಾನ್ ನೆನಪಿರುವುದಿಲ್ಲ. ಅದನ್ನು ಆಫ್ ಮಾಡಿ, ಒಂದು ಟೇಬಲ್ ಫ್ಯಾನನ್ನು ಎದುರಿಗೆ, ಕೈಗೆ ಎಟುಕದಷ್ಟು ದೂರದಲ್ಲಿ ಇಡಿ. ಸೆಕೆ ತಪ್ಪುತ್ತದೆ, ಕಣ್ಣು ಮುಚ್ಚಿದ್ದರೂ ಗಾಳಿ ಬರುವ ಕಡೆಯಿಂದ ಟಿವಿ ಯಾವ ದಿಕ್ಕಿಗಿದೆ ಎಂಬುದೂ ಗೊತ್ತಾಗುತ್ತದೆ.